ಪಾಸ್ಟರ್ ಬದಲಾಗ್ತಾ ಹೋದ್ರು, ಆಯಿ ಅಲ್ಲೇ ಇದ್ಳು

[ಪರದೆ: ಚರ್ಚಿನ ಕಂಪೌಂಡ್ ಗೋಡಿಗೆ ಕಟ್ಟಿದ ಶ್ರದ್ಧಾಂಜಲಿ ಫ್ಲೆಕ್ಸ್. ಹೆಸರು, ಮುಖ ಮಸುಕು ಮಾಡಿ.]

ನಮಸ್ಕಾರ್ರಿ ಎಲ್ಲರಿಗೂ. ಈ ಫ್ಲೆಕ್ಸ್ ಒಮ್ಮಿ ನೋಡ್ರಿ. ಮ್ಯಾಲ "ಪ್ರಭುವಿನಲ್ಲಿ ನಿದ್ರಿಸಿದರು" ಅಂತದ. ಅದರ ಕೆಳಗ "ದೈವಭಕ್ತರು, ಪ್ರಾರ್ಥನಾಶೀಲರು". ಜನನ 01-01-1932. ಹುಮನಾಬಾದ್ ಕಡೀದು ಒಂದು ಸಣ್ಣ ಊರಿನ ಆಯಿ ಇಕಿ. ಹೆಸರು ಬ್ಯಾಡ ಅಂತ ಮನಿಯವರು ಅಂದಾರ. ಓಣ್ಯಾಗ ಎಲ್ಲಾರೂ ಆಯಿ ಅಂತಲೇ ಕರೀತಿದ್ರು, ನಾನೂ ಹಂಗೇ ಕರೀತೀನಿ.

ಈ ಸಾಲು ಬೀದರ್ ಜಿಲ್ಲಾದಾಗ ಯಾವ ಸಭಿಯ ಯಾವ ಮುದುಕಿಗೆ ಹಚ್ಚಿದ್ರೂ ಹೊಂದತಾವ. ಸ್ಮರಣಾರ್ಥ ಕೂಟದಾಗೂ ಅದೇ ಆಗ್ತದ: ಒಬ್ಬರಾದ ಮ್ಯಾಲ ಒಬ್ಬರು ಎದ್ದು "ಭಾಳ ಪ್ರಾರ್ಥನಿ ಮಾಡ್ತಿದ್ರು" ಅಂತ ಹೇಳಿ ಕೂಡ್ತಾರ, ಆಮ್ಯಾಲ ಊಟ. ಪ್ರಾರ್ಥನಿ ಮಾಡ್ತಿದ್ಳು, ಖರೆ. ಆದ್ರ ಅಕಿ ಮಾಡಿದ್ದು ಅಷ್ಟೇ ಏನ್ರಿ? ಒಂದು ಸಭಿ ಮುಚ್ಚಿ ಹೋಗಧಂಗ ಕಾದಾಕಿ ಅಕಿ. ಅದು ಹೆಂಗ ಅಂತ ಇವತ್ತ ಬಿಡಿಸಿ ಹೇಳ್ತೀನಿ.

[ಪರದೆ: ಆಧಾರ್ ಕಾರ್ಡಿನ ಜನ್ಮ ದಿನಾಂಕದ ಜಾಗ, ದೊಡ್ಡದಾಗಿ]

ಮೊದಲು ಈ ಜನವರಿ 1 ಬಗಿಹರಸೋಣು. ಕಾಗದ ಇಲ್ಲದವರು ಆಧಾರ್ ಮಾಡಿಸುವಾಗ ಅಂದಾಜು ವಯಸ್ಸು ಹೇಳ್ತಾರ. ಆಗ ಕಂಪ್ಯೂಟರ್ ಆ ವರ್ಷದ ಜನವರಿ 1 ಅಂತ ಹಾಕ್ತದ. ಸಾಲಿಗೆ ಹೋದವರಾದ್ರ ಜೂನ್ 1, ಹೆಸರು ಹಚ್ಚೋ ಮಾಸ್ತರರಿಗೆ ಅದು ಅನುಕೂಲದ ತಾರೀಖು. ಹಿಂಗಾಗಿ ನಮ್ಮ ಕಡಿ ಅರ್ಧ ಊರಿನ ಹುಟ್ಟುಹಬ್ಬ ಎರಡೇ ದಿನದಾಗ ಮುಗೀತದ.

ಹಿರಿಯರ ಖರೆ ವಯಸ್ಸು ಬೇಕಂದ್ರ ತಾರೀಖು ಕೇಳಬ್ಯಾಡ್ರಿ, ಘಟನಾ ಕೇಳ್ರಿ. ಬೀದರ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಾಗಿತ್ತು. ನಿಜಾಮರ ಪರ ಇದ್ದ ರಜಾಕಾರರ ಪಡೀದು ಗದ್ದಲ, ಆಮ್ಯಾಲ ಪೊಲೀಸ್ ಆಕ್ಷನ್, ಅಂದ್ರ ಭಾರತದ ಸೈನ್ಯ ಒಳಗ ಬಂದಿದ್ದು, 1948ರ ಸೆಪ್ಟೆಂಬರ್ 17ಕ್ಕ ನಿಜಾಮರ ಶರಣಾಗತಿ. "ಆಗ ನೀ ಎಷ್ಟು ದೊಡ್ಡಾಕಿ ಇದ್ದಿ ಆಯಿ?" ಅಂತ ಕೇಳಿದ್ರ ಅಕಿ ಹೇಳ್ತಿದ್ಳು: "ಎರಡು ಕೊಡ ಹೊರತಿದ್ದೆ ತಮ್ಮಾ, ಸೀರಿ ಮಾತ್ರ ಉಟ್ಟಿದ್ದಿಲ್ಲ." ಅಂದ್ರ ಹನ್ನೆರಡು, ಹದಿಮೂರು ಹಿಡೀರಿ. 1935ರ ಆಸುಪಾಸು ಹುಟ್ಟಿದಾಕಿ. ಆಧಾರಿನಕಿಂತ ಆಯಿ ಸಣ್ಣಾಕಿ!

ಇನ್ನೊಂದು ಉಪಾಯ ಅದ. ನಿಮ್ಮ ಮನ್ಯಾಗ ಆ ಕಾಲದ ಉರ್ದು ಕಾಗದ ಇದ್ರ, ಅದರ ಮ್ಯಾಲ 1354 ಹಂಗ ವರ್ಷ ಇರ್ತದ. ಏಳುನೂರು ವರ್ಷದ ಹಳೇ ಕಾಗದ ಅಂತ ಗಾಬರಿ ಆಗಬ್ಯಾಡ್ರಿ. ಅದು ಫಸಲಿ ವರ್ಷ, ಸಂಸ್ಥಾನದ ಕಂದಾಯದ ಲೆಕ್ಕ. 590 ಕೂಡಿಸ್ರಿ, 1944 ಬರ್ತದ. ಒಂದು ವರ್ಷ ಹಿಂದ ಮುಂದ ಆದೀತು. ಮದುವಿ ಖರ್ಚೂ ಕೇಳ್ರಿ. ಲೆಕ್ಕ ಹಾಲಿ ರೂಪಾಯದಾಗ ಹೇಳಿದ್ರ ಅದು ನಿಜಾಮರ ಸಿಕ್ಕಾ. ಬ್ರಿಟಿಷರ ರೂಪಾಯಿಗೆ ಕಲ್ದಾರ ಅಂತಿದ್ರು. ಹಾಲಿ ನಿಂತಿದ್ದು 1950ರ ದಶಕದಾಗ, ಹಿಂಗಾಗಿ ಮದುವಿ ಅದಕ್ಕೂ ಮೊದಲಿಂದು. ಮೊಮ್ಮಕ್ಕಳ ವಯಸ್ಸಿಗೆ ಕಿಲ್ಲಾರಿ ಭೂಕಂಪ ಅದ ಅಲ್ಲಾ, 1993ರ ಸೆಪ್ಟೆಂಬರ್ 30ರ ನಸುಕು, ಅದನ್ನ ನಮ್ಮ ಕಡಿ ಯಾರೂ ಮರೀಲಿಲ್ಲ.

[ಪರದೆ: ಹಳೇ ಕನ್ನಡ ಬೈಬಲ್, ಮೊದಲ ಖಾಲಿ ಹಾಳಿ]

ಆಯಿ ಕನ್ನಡ ಓದತಿದ್ಳು. ಇದನ್ನ ಹಗುರ ತಿಳೀಬ್ಯಾಡ್ರಿ. 1951ರ ಜನಗಣತಿ ಪ್ರಕಾರ ಇಡೀ ದೇಶದಾಗ ನೂರು ಹೆಂಗಸರಾಗ ಒಂಬತ್ತು ಮಂದಿಗೂ ಓದಾಕ ಬರ್ತಿದ್ದಿಲ್ಲ. ಅದರಾಗ ನಮ್ಮದು ಉರ್ದು ಸರ್ಕಾರ. ಕಚೇರಿ ಉರ್ದು, ಕೋರ್ಟ್ ಉರ್ದು, 1918ರಾಗ ಶುರುವಾದ ಉಸ್ಮಾನಿಯಾ ಯುನಿವರ್ಸಿಟಿನೂ ಉರ್ದು. ಕೂಲಿ ಮಾಡೋ ಮನಿ ಹುಡುಗಿ ಕೈಯಾಗ ಕನ್ನಡ ಪುಸ್ತಕ ಹೆಂಗ ಬಂತು?

ಮಿಷನ್ ಸಾಲಿಯಿಂದ. ಅಮೆರಿಕಾದ ಮೆಥೋಡಿಸ್ಟ್ ಮಿಷನ್‌ದವರು, ಮೆಥೋಡಿಸ್ಟ್ ಅಂದ್ರ ಪ್ರೊಟೆಸ್ಟಂಟ್ ಕ್ರೈಸ್ತರ ಒಂದು ಪಂಥ, 19ನೇ ಶತಮಾನದ ಕೊನಿಗೆ ಬೀದರ್, ಕಲಬುರಗಿ ಕಡಿ ಕೆಲಸ ಹಚ್ಚಿದ್ರು. ಬೀದರಿನ ಮಂಗಲಪೇಟೆಗೆ ಹೋದ್ರ ಆ ಗುರುತು ಇವತ್ತೂ ಕಾಣಸ್ತದ. ಅವರ ಕೈಗೆ ಕನ್ನಡ ಬೈಬಲ್ ತಯಾರೇ ಸಿಕ್ಕಿತ್ತು. ಬಳ್ಳಾರಿಯಾಗ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಹತ್ತಾರು ವರ್ಷ ಕುಂತು ಮಾಡಿಸಿದ ಪೂರ್ತಿ ಬೈಬಲ್ 1831ರಾಗೇ ಬಂದಿತ್ತು. ಓದಾಕ ಕಲಿಯೋದು ಬೈಬಲ್ ಸಲುವಾಗಿ, ಆದ್ರ ಕಲಿತ ಮ್ಯಾಲ ಅಕ್ಷರ ಎಲ್ಲಾದಕ್ಕೂ ಕೆಲಸಕ್ಕ ಬರ್ತದ ನೋಡ್ರಿ. ಓಣಿಗೆ ಬಂದ ಕಾಗದ ಓದಿ ಹೇಳಾಕಿ ಆಯಿನೇ. ಪೋಸ್ಟ್‌ಮ್ಯಾನ್ ಎಷ್ಟೋ ಸಲ ಮನಿ ಮನಿಗೆ ಹೋಗದ, ಎಲ್ಲಾ ಟಪಾಲು ಅಕಿ ಕಟ್ಟಿ ಮ್ಯಾಲ ಇಟ್ಟು ಹೋಗ್ತಿದ್ದ.

ಈ ಖಾಲಿ ಹಾಳಿ ನೋಡ್ರಿ. ಮಕ್ಕಳು ಹುಟ್ಟಿದ್ದು, ದೀಕ್ಷಾಸ್ನಾನ ಆಗಿದ್ದು, ಸತ್ತಿದ್ದು ಎಲ್ಲಾ ಇಲ್ಲೇ ಬರ್ದಾಳ. ಮೊದಲ ಸಾಲು ಶಾಯಿ, ನಡುವಿನವು ಪೆನ್ಸಿಲ್, ಕೊನೇವು ಬಾಲ್ ಪೆನ್. ಒಂದು ಹೆಸರಿನ ಮುಂದ "ದನದ ಸಂತಿ ದಿವಸ, ಮುಂಜಾನೆ" ಅಂತ ಅಷ್ಟೇ ಅದ. ವರ್ಷ ಇಲ್ಲ. ಅಕಿಗೆ ನೆನಪಿತ್ತು, ಬರಿಯೋದು ಯಾಕ ಬೇಕಿತ್ತು?

[ಪರದೆ: ಬಾಸ್ಟನ್ನಿನಿಂದ ಭಾರತಕ್ಕ ಗೆರಿ ಎಳೆದ ನಕಾಶಿ]

ಈಗ ಸ್ವಲ್ಪ ಹಿಂದಕ್ಕ ಹೋಗೋಣು. 1869ರಾಗ ಅಮೆರಿಕಾದ ಬಾಸ್ಟನ್ನಿನಾಗ ಮೆಥೋಡಿಸ್ಟ್ ಹೆಂಗಸರು ಕೂಡಿ ತಮ್ಮದೇ ಒಂದು ಮಿಷನರಿ ಸಂಘ ಕಟ್ಟಿದ್ರು. ಗಂಡಸರ ಬೋರ್ಡಿನ ಒಪ್ಪಿಗಿ ಕಾಯ್ಕೊಂತ ಕೂಡಲಿಲ್ಲ. ಅವರು ಮೊದಲು ಕಳಿಸಿದ್ದು ಇಬ್ಬರನ್ನ, ಇಬ್ಬರೂ ಬಂದಿದ್ದು ನಮ್ಮ ದೇಶಕ್ಕೇ, 1870ರಾಗ. ಇಸಾಬೆಲಾ ಥೋಬರ್ನ್ ಲಖನೌದಾಗ ಹೆಣ್ಣುಮಕ್ಕಳ ಸಾಲಿ ತೆರೆದ್ರು. ಕ್ಲಾರಾ ಸ್ವೇನ್ ಡಾಕ್ಟರ್. ಬರೇಲಿಯಾಗ ಅವರ ದವಾಖಾನಿಗೆ ಜಾಗ ಕೊಟ್ಟವರು ರಾಂಪುರದ ನವಾಬರು.

ಆದ್ರ ಮನಿ ಮನಿಗೆ ಹೋಗೋರು ಯಾರು? ಪರದೆ ಇರೋ ಮನ್ಯಾಗ ಗಂಡಸು ಪಾದ್ರಿ ಕಾಲಿಡಂಗಿಲ್ಲ. ಬಿಳಿ ಮೇಡಮ್ಮಿಗೆ ನಮ್ಮ ಮಾತು ಪೂರ್ತಿ ಬರಂಗಿಲ್ಲ. ಅದಕ್ಕ ಊರಿನ ಹೆಣ್ಣುಮಕ್ಕಳನ್ನೇ ತಯಾರು ಮಾಡಿದ್ರು. ಇವರಿಗೆ ಬೈಬಲ್ ವುಮನ್ ಅಂತಿದ್ರು. ಭಾಳ ಮಂದಿ ವಿಧವಿಯರು, ಇಲ್ಲಾ ಪಾದ್ರಿಗಳ ಹೆಂಡ್ತಿಯರು. ಚೂರು ಪಗಾರ, ಕೈಯಾಗ ಪುಸ್ತಕ, ಒಂದು ಚೀಲ. ಓದಿ ಹೇಳೋದು, ಅಕ್ಷರ ಕಲಿಸೋದು, ಬಾಣಂತಿ ನೋಡೋದು. ಮಿಷನರಿಗಳ ವರದಿಯೊಳಗ ಇವರು ಭಾಳ ಸಲ ಬರೀ ಸಂಖ್ಯಾ ಆಗಿ ಬರ್ತಾರ, "ಇಷ್ಟು ಮಂದಿ ಬೈಬಲ್ ವುಮನ್" ಅಂತ. ಮೇಡಮ್ಮಿನ ಹೆಸರು ಮಾತ್ರ ಪೂರ್ತಿ ಇರ್ತದ. ನನಗ ಇದು ಇವತ್ತೂ ಚುಚ್ಚತದ.

ಆಯಿ ಪಗಾರದ ಬೈಬಲ್ ವುಮನ್ ಆಗಿದ್ದಿಲ್ಲ. ಅಕಿಯ ಅತ್ತಿ, ಅಂದ್ರ ಗಂಡನ ತಾಯಿ, ಬೈಬಲ್ ವುಮನ್ ಆಗಿದ್ಳು. ಅತ್ತಿ ಕೆಲಸ ಸೊಸಿಗೆ ಬಂತು, ಪಗಾರ ಬರಲಿಲ್ಲ.

[ಪರದೆ: ಸಣ್ಣ ಚರ್ಚು, ಬಾಗಲಾ, ಕೀಲಿ]

ಈಗ ಮುಖ್ಯ ಮಾತಿಗೆ ಬರ್ತೀನಿ. ಮೆಥೋಡಿಸ್ಟ್ ಸಭಿ ನಡೆಯೋ ರೀತಿ ಬ್ಯಾರೆ. ಜಾನ್ ವೆಸ್ಲಿ ಅಂತ, 1703ರಿಂದ 1791ರ ತನಕ ಬದುಕಿದವರು, ಇಂಗ್ಲೆಂಡಿನಾಗ ಕುದುರಿ ಮ್ಯಾಲ ಊರೂರು ತಿರುಗಿ ಬೋಧನಿ ಮಾಡಿದ್ರು. ಬೋಧಕ ಒಂದೇ ಕಡಿ ಭಾಳ ದಿನ ಕೂಡಬಾರದು ಅನ್ನೋದು ಅವರ ನಿಯಮ. ಅದು ಇವತ್ತೂ ನಡದದ. ವರ್ಷಕ್ಕೊಮ್ಮಿ ಕಾನ್ಫರೆನ್ಸ್ ಕೂಡ್ತದ, ಬಿಷಪ್ಪರು ಯಾರು ಯಾವ ಊರಿಗೆ ಅಂತ ಪಟ್ಟಿ ಓದ್ತಾರ, ಪಾಸ್ಟರ್ ಗಂಟು ಕಟ್ಟಬೇಕು. ಮ್ಯಾಲ ಒಬ್ಬ ಪಾಸ್ಟರಿಗೆ ಒಂದು ಸರ್ಕಿಟ್, ಅಂದ್ರ ಹಲವಾರು ಹಳ್ಳಿ. ಐತವಾರ ಒಂದೇ, ಊರು ಹತ್ತು.

ಇದರ ಅರ್ಥ ಏನು? ಸಣ್ಣ ಊರಿನ ಸಭಿಯಾಗ ಬಾಕಿ ಐತವಾರ ಪಾಸ್ಟರೇ ಇರಂಗಿಲ್ಲ. ಇದ್ದವರೂ ಓಣಿಯ ಜಗಳ, ಬೀಗತನ, ಸಾಲ ಎಲ್ಲಾ ಅರ್ಥ ಆಗೋ ಹೊತ್ತಿಗೆ ಹೊರಡ್ತಾರ. ಹಂಗಾರ ಸಭಿ ನೆನಪು ಯಾರ ಹತ್ರ ಇರ್ತದ? ಕೀಲಿ ಯಾರ ಹತ್ರ ಇರ್ತದೋ ಅವರ ಹತ್ರ. ಕೀಲಿ ಆಯಿ ಸೆರಗಿನ ತುದಿಗಿತ್ತು.

ಹೊಸ ಪಾಸ್ಟರ್ ಬಂದ್ರ ಮೊದಲ ದಿವಸ ಅವರ ಮನಿಗೆ ರೊಟ್ಟಿ, ಪುಂಡಿ ಪಲ್ಯ ಮುಟ್ಟಿಸ್ತಿದ್ಳು. ಎರಡನೇ ದಿವಸ ಕುಂತು ಪಟ್ಟಿ ಒಪ್ಪಸ್ತಿದ್ಳು: ಯಾರ ಮನ್ಯಾಗ ಜಡ್ಡದ, ಯಾವ ಇಬ್ಬರು ಅಣ್ಣತಮ್ಮರು ಮಾತು ಬಿಟ್ಟಾರ, ಯಾರನ್ನ ಬಾಜೂಕ ಬಾಜೂಕ ಕುಂಡರಸಬಾರದು. ಒಬ್ಬ ಹರೇದ ಪಾಸ್ಟರು "ಆಯಿ, ನಾ ಎಲ್ಲಾ ಕಾಲೇಜಿನಾಗ ಕಲ್ತು ಬಂದೀನಿ" ಅಂದಿದ್ರಂತ. "ಹೌದ್ರಿ ಅಯ್ಯನವರ, ಆದ್ರ ಕಾಲೇಜಿನವರು ನಮ್ಮ ಓಣಿ ನೋಡಿಲ್ಲಲ್ರಿ" ಅಂದಳಂತ.

ಹಿಡಿ ಜೋಳದ ಲೆಕ್ಕವೂ ಅಕಿದೇ. ಇದನ್ನ ಹತ್ತಿರದಿಂದ ತೋರಸ್ತೀನಿ.

[ಪರದೆ: ಮೊರದಾಗ ಜೋಳ, ಪಕ್ಕದಾಗ ತುಕ್ಕು ಹಿಡದ ಡಾಲ್ಡಾ ಡಬ್ಬಿ]

ಬೀಸಾಕ ಕೂಡೋ ಮುಂದ ಮೊರದಾಗ ಜೋಳ ಹಸನ ಮಾಡ್ತಾರ. ಕಲ್ಲು, ಕಸ ಆರಿಸಿದ ಮ್ಯಾಲ, ಕಲ್ಲಿಗೆ ಹಾಕೋ ಮೊದಲು, ಒಂದು ಹಿಡಿ ತಗದು ಈ ಡಬ್ಬಿಗೆ. ಹಸನ ಮಾಡಿದ್ದೇ ಆಗಬೇಕು, ಆಯಿ ಅದರಾಗ ಬಿಗಿ. ಯಾರರೆ ಕಲ್ಲಿದ್ದ ಜೋಳ ತಂದು ಸುರುವಿದ್ರ ಅಲ್ಲೇ ಮೊರ ಕೊಟ್ಟು ಕುಂಡರಸ್ತಿದ್ಳು. ತಿಂಗಳಿಗೊಮ್ಮಿ ಎಲ್ಲಾ ಮನಿ ಡಬ್ಬಿ ಚರ್ಚಿನ ಚಾಪಿ ಮ್ಯಾಲ ಬರಕಾಗ್ತಿದ್ವು. ಸೇರಿಲೆ ಅಳೆದು ಅಲ್ಲೇ ಹರಾಜು. ಆ ರೊಕ್ಕದಾಗ ಗ್ಯಾಸ್ ಬತ್ತಿಗೆ ಎಣ್ಣಿ, ಪಾಸ್ಟರ್ ಪಗಾರಕ್ಕ ಸಭಿ ಕೊಡೋ ಪಾಲು, ಯಾರರೆ ತೀರಿಕೊಂಡ್ರ ಪೆಟ್ಟಿಗಿ ಖರ್ಚು. ಮಿಜೋರಾಮಿನ ಚರ್ಚುಗಳಾಗೂ ಹಿಂಗೇ ಹಿಡಿ ಅಕ್ಕಿ ಪದ್ಧತಿ ಅದ, 1910ರಿಂದ ಶುರುವಾಗಿದ್ದು, ಇವತ್ತಿಗೂ ಕೋಟಿಗಟ್ಟಲೆ ಎತ್ತತಾರ. ನಮ್ಮ ಕಡಿ ಗಿರಣಿ ಬಂದ ಮ್ಯಾಲ ಬೀಸೋದು ನಿಂತಿತು, ಡಬ್ಬಿನೂ ನಿಂತಿತು. 1972ರ ಬರದಾಗ ಮಾತ್ರ ಉಲ್ಟಾ ಆಯ್ತಂತ: ಡಬ್ಬಿಯಿಂದ ಹೊರಗ ಹೋಯ್ತು ಜೋಳ, ಯಾವ ಮನಿಗೆ ಹೋಯ್ತು ಅಂತ ಆಯಿ ಕೊನಿತನಕ ಬಾಯಿ ಬಿಡಲಿಲ್ಲ.

ದೇವತಿ ಮಾಡಾಕ ಹೊಂಟಿಲ್ಲ ನಾನು. ಆಯಿ ಭಾಳ ಬಿರುಸು. ಕೀಬೋರ್ಡ್ ಬಂದಾಗ ತಿಂಗಳಗಟ್ಟಲೆ ಮುಖ ಊದಿಸಿಕೊಂಡಿದ್ಳು. ತಬಲಾ, ತಾಳ ಇದ್ರ ಸಾಕು ಅನ್ನೋದು ಅಕಿ ವಾದ. ಬ್ಯಾರೆ ಜಾತಿ ಹುಡುಗನ್ನ ಮಾಡ್ಕೊಂಡ ಹುಡುಗಿ ಮದುವಿಗೆ ಹೋಗಲೇ ಇಲ್ಲ. ಅದು ಸಣ್ಣತನ ಅಂತ ಮನಿಯವರೇ ಹೇಳ್ತಾರ. ಅದೇ ಹುಡುಗಿ ಬಾಣಂತಿ ಆದಾಗ ನಸುಕಿನಾಗ ಎಣ್ಣಿ ತಿಕ್ಕಾಕ ಹೋದಾಕಿನೂ ಆಯಿನೇ.

ಇದು ಹೇಳಲೇಬೇಕು: 1956. ಆ ವರ್ಷ ನವೆಂಬರ್ 1ಕ್ಕ ಬೀದರ್ ಮೈಸೂರು ರಾಜ್ಯಕ್ಕ ಬಂತು. ಹಳೇ ಜಿಲ್ಲಾ ಹರಿದು ಮೂರು ಕಡಿ ಹೋಯ್ತು. ಉದಗೀರ, ನಿಲಂಗಾ ಮುಂಬೈ ರಾಜ್ಯಕ್ಕ, ಜಹೀರಾಬಾದ್ ಆಂಧ್ರಕ್ಕ. ಆಯಿ ತವರು ಮನಿ ಗಡಿ ಆಚಿಗೆ ಉಳೀತು. ಅದಕ್ಕೇ ಅಕಿ ಹಾಡು ಕನ್ನಡ, ತೆಲುಗು, ಹಿಂದುಸ್ತಾನಿ ಮೂರೂ ಕಲಸಿ ಇರ್ತಿದ್ವು, ವಿಕಾರಾಬಾದ್ ಹತ್ರ ಧಾರೂರಿನ ಕ್ರೈಸ್ತ ಜಾತ್ರಿಗೆ ಹೋದ್ರ ಅಲ್ಲಿನವರ ಸಂಗಟ ಸರಿ ಹೊಂದತಿದ್ಳು. ಅದೇ 1956ರ ಮೇದಾಗ ಅಮೆರಿಕಾದಾಗ ಕೂಡಿದ ಮೆಥೋಡಿಸ್ಟ್ ಮಹಾಸಭಾ ಹೆಂಗಸರಿಗೂ ಪಾಸ್ಟರ್ ಆಗೋ ಪೂರ್ತಿ ಹಕ್ಕು ಕೊಟ್ಟಿತು. ಕಾಗದದ ಮ್ಯಾಲ ಬಾಗಲಾ ತೆರೀತು. ಸಣ್ಣ ಊರಿನ ವೇದಿಕಿ ಮ್ಯಾಲ ಹೆಂಗಸು ಪಾಸ್ಟರು ನಿಂತಿದ್ದು ನೀವು ಎಷ್ಟು ಸಲ ನೋಡೀರಿ?

ಇನ್ನೊಂದು ಕಾಗದದ ಮಾತು, ಚುಟುಕಾಗಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಆ ಜಾತಿಯ ಸರ್ಟಿಫಿಕೇಟ್ ಇಲ್ಲ. ಕರ್ನಾಟಕದಾಗ ಅವರು ಹಿಂದುಳಿದ ವರ್ಗದ ಪ್ರವರ್ಗ-1. ಓಣಿಯಾಗ ಜಾತಿ ಹೋಗಲಿಲ್ಲ, ಕಚೇರಿಯಾಗ ಹೋಯ್ತು. ಆಯಿ ಮೊಮ್ಮಗಳು ಸ್ಕಾಲರ್‌ಶಿಪ್ಪಿಗೆ ಅಲೆದಾಡಿದ್ದರ ಕಥಿನೇ ಒಂದು ಬ್ಯಾರೆ ವಿಡಿಯೋ ಆಗ್ತದ.

[ಪರದೆ: ನಿರೂಪಕ ಕ್ಯಾಮೆರಾ ಮುಂದ]

ನಿಮ್ಮ ಮನ್ಯಾಗ ಹಿಂಗ ಒಬ್ಬ ಆಯಿ ಇನ್ನೂ ಅದಾಳ ಅಂದ್ರ, ಮೊಬೈಲ್ ತಗೊಂಡು ಕೂಡ್ರಿ. "ನಿನ್ನ ವಿಶ್ವಾಸದ ಬಗ್ಗೆ ಹೇಳು" ಅಂದ್ರ ಕೂಟದಾಗ ಹೇಳಿದ್ದೇ ಹೇಳ್ತಾಳ. "ಕ್ರಿಸ್ಮಸ್ಸಿಗೆ ಕರ್ಚಿಕಾಯಿ ಎಷ್ಟು ಮನಿಗೆ ಹಂಚತಿದ್ರಿ, ಯಾವ ಮನಿಗೆ ಹಂಚತಿದ್ದಿಲ್ಲ" ಅಂತ ಕೇಳ್ರಿ. "ಹೆಣಕ್ಕ ಸೀರಿ ಉಡಸಾಕ ಯಾರು ಯಾರು ಬರ್ತಿದ್ರು" ಅಂತ ಕೇಳ್ರಿ. ಹಳೇ ಧಾಟಿಯ ಹಾಡಿದ್ರ ಪೂರ್ತಿ ಹಾಡಿಸ್ರಿ, ನಡುವ ನೀವು ದನಿಗೂಡಸಬ್ಯಾಡ್ರಿ.

ತೀರಿಕೊಂಡಿದ್ರ ಪಾಸ್ಟರ ಹತ್ರ ಹೋಗಿ ದೀಕ್ಷಾಸ್ನಾನದ ರಿಜಿಸ್ಟರ್ ನೋಡ್ರಿ. ಮದುವಿ ರಿಜಿಸ್ಟರಿನಾಗ ಸಾಕ್ಷಿ ಸಹಿ ಇರ್ತಾವ, ಅಲ್ಲಿ ಹೆಬ್ಬೆಟ್ಟಿನ ನಡುವ ಒಂದು ಹೆಣ್ಣುಮಗಳ ಕನ್ನಡ ಸಹಿ ಕಂಡ್ರ ಬಿಡಬ್ಯಾಡ್ರಿ, ಯಾರು ಅಂತ ವಿಚಾರಸ್ರಿ. ಮಹಿಳಾ ಸಂಘದ ಹಳೇ ಮಿನಿಟ್ಸ್ ಪುಸ್ತಕ ಕಾರ್ಯದರ್ಶಿಯಾಗಿದ್ದವರ ಟ್ರಂಕಿನಾಗ ಸಿಕ್ಕೀತು. ಬೈಬಲ್ಲಿನ ಹಾಳಿ ಫೋಟೋ ತಗೀವಾಗ ಫ್ಲ್ಯಾಶ್ ಬ್ಯಾಡ, ಕಿಟಕಿ ಬೆಳಕು ಸಾಕು, ಹಾಳಿ ಹಿಂದಿನ ಮಗ್ಗಲಾನೂ ತಗೀರಿ. ಉರ್ದು ಇದ್ರ ಓಣಿಯ ರಿಟಾಯರ್ಡ್ ಮಾಸ್ತರರಿಗೆ ತೋರಸ್ರಿ, ಫಸಲಿ ಕಂಡ್ರ 590 ಕೂಡಿಸ್ರಿ. ಓದಾಕ ಬರಲಾರದ್ದು ಇದ್ರ ನಮಗ ಕಳಸ್ರಿ, ಹೆಸರು ಮುಚ್ಚಿ ಕಳಸ್ರಿ, ಮುಂದಿನ ವಿಡಿಯೋದಾಗ ಕೂಡಿ ಓದೋಣು.