ನೀಲಿ ಬಾಣದ ದಾರಿ

ಕೇಳುಗರೆ, ನಮಸ್ಕಾರ.

ಮೌಂಟನ್ ಬೈಕ್ ಅಂದರೆ ಕಡಿದಾದ ಬೆಟ್ಟ, ಬಂಡೆಯಿಂದ ಬಂಡೆಗೆ ಹಾರುವ ಸವಾರ ಕಣ್ಣಿಗೆ ಕಟ್ಟುತ್ತಾನೆ. ದಕ್ಷಿಣ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಅಂಥ ಬೆಟ್ಟ ಸಿಗುವುದಿಲ್ಲ. ಹುಲ್ಲುದಿಬ್ಬ, ಗೋಧಿ ಹೊಲ, ಕುರಿ ಬಯಲು, ಬೇಲಿಸಾಲು, ಇಷ್ಟೇ. ಆಕ್ಸ್‌ಫರ್ಡ್‌ಶೈರಿನ ಅಫಿಂಗ್ಟನ್ ಬಳಿಯ ವೈಟ್ ಹಾರ್ಸ್ ಹಿಲ್ ಆ ಜಿಲ್ಲೆಗೇ ಎತ್ತರದ್ದು, ಅದೂ 261 ಮೀಟರ್. ಇದನ್ನು ಕೇಳಿ ಸಲೀಸು ಅಂದುಕೊಂಡು ಹೊರಟವರು ಮಧ್ಯಾಹ್ನದ ಹೊತ್ತಿಗೆ ಸೈಕಲನ್ನು ಹೆಗಲಿಗೆ ಹಾಕಿಕೊಂಡು ನಡೆಯುತ್ತಿರುತ್ತಾರೆ. ಅಲ್ಲಿ ಸವಾರನನ್ನು ಸೋಲಿಸುವುದು ನೆಲ.

ನೆಲದ ಮಾತಿಗೆ ಮುಂಚೆ ಹಕ್ಕಿನ ಮಾತು. ಇಂಗ್ಲೆಂಡಿನಲ್ಲಿ ಹೊಲಗಳ ನಡುವೆ ಹಾಯುವ ದಾರಿಗಳೆಲ್ಲ ಒಂದೇ ಜಾತಿಯಲ್ಲ. ದಾರಿಗಂಬದ ಮೇಲೆ ಹಳದಿ ಬಾಣ ಇದ್ದರೆ ಅದು ಫುಟ್‌ಪಾತ್, ನಡೆಯುವವರಿಗೆ ಮಾತ್ರ. ನೀಲಿ ಬಾಣ ಇದ್ದರೆ ಬ್ರಿಡ್ಲ್‌ವೇ, ಅಂದರೆ ಕುದುರೆ ಸವಾರರ ದಾರಿ. ಅಲ್ಲಿ ಸೈಕಲ್ಲಿಗೂ ಹಕ್ಕಿದೆ. ನೇರಳೆ ಬಾಣದ್ದು ರಿಸ್ಟ್ರಿಕ್ಟೆಡ್ ಬೈವೇ, ಕುದುರೆಗಾಡಿಯೂ ಹೋಗಬಹುದು. ಕೆಂಪು ಬಾಣದ ಬೈವೇಯಲ್ಲಿ ಮೋಟಾರು ವಾಹನವೂ ಬರಬಹುದು. ಬ್ರಿಡ್ಲ್‌ವೇ ಮೇಲೆ ಸೈಕಲ್ ತುಳಿಯುವ ಹಕ್ಕು ಬಂದದ್ದು 1968ರ ಕಂಟ್ರಿಸೈಡ್ ಕಾಯಿದೆಯಿಂದ. ಅದೇ ಕಲಮು ಇನ್ನೆರಡು ಮಾತನ್ನೂ ಹೇಳುತ್ತದೆ. ನಡೆಯುವವರಿಗೆ, ಕುದುರೆಯವರಿಗೆ ಸೈಕಲ್ಲಿನವರು ದಾರಿ ಬಿಡಬೇಕು. ಮತ್ತೆ, ಸೈಕಲ್ಲಿಗೆ ಅನುಕೂಲವಾಗುವಂತೆ ದಾರಿ ಮಾಡಿಕೊಡುವ ಹೊಣೆ ಯಾರ ಮೇಲೂ ಇಲ್ಲ. ಕುದುರೆ ನಡೆಯುವಂತಿದ್ದರೆ ಮುಗಿಯಿತು. ಮೊಣಕಾಲುದ್ದ ಕೆಸರು ಕಂಡಾಗ ಈ ಎರಡನೆಯ ಮಾತನ್ನು ನೆನಪಿಸಿಕೊಳ್ಳಿ.

ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ 1:25,000 ಅಳತೆಯ ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ಇವೆಲ್ಲ ಹಸಿರು ಗೆರೆಗಳು. ತುಂಡು ತುಂಡು ಗೀಟು ಫುಟ್‌ಪಾತ್, ಉದ್ದ ಗೀಟು ಬ್ರಿಡ್ಲ್‌ವೇ. ಕನ್ನಡಕ ಮರೆತು ಹೋದವರಿಗೆ ಎರಡೂ ಒಂದೇ! ಕಪ್ಪು ಗೀಟಿನ ದಾರಿ ಅಲ್ಲೊಂದು ಜಾಡು ಇದೆ ಅಂತ ಹೇಳುತ್ತದೆಯೇ ಹೊರತು, ಹೋಗುವ ಹಕ್ಕಿದೆ ಅಂತ ಹೇಳುವುದಿಲ್ಲ.

ಈಗ ಒಂದು ದಾರಿ ಹಿಡಿಯೋಣ. ರಿಜ್‌ವೇ. ವಿಲ್ಟ್‌ಶೈರಿನ ಏವ್‌ಬರಿ ಪಕ್ಕದ ಓವರ್‌ಟನ್ ಹಿಲ್‌ನಿಂದ ಬಕಿಂಗ್‌ಹ್ಯಾಮ್‌ಶೈರಿನ ಐವಿಂಗ್‌ಹೋ ಬೀಕನ್‌ವರೆಗೆ 139 ಕಿಲೋಮೀಟರ್. ಇದರ ಪಶ್ಚಿಮದ ಅರ್ಧ, ಥೇಮ್ಸ್ ದಡದ ಸ್ಟ್ರೀಟ್ಲಿವರೆಗಿನ ಸುಮಾರು 70 ಕಿಲೋಮೀಟರ್, ಸೈಕಲ್ಲಿಗೆ ಮುಕ್ತ. ನದಿ ದಾಟಿದ ಮೇಲೆ ನಡುನಡುವೆ ಫುಟ್‌ಪಾತ್ ತುಂಡುಗಳು ಬರುತ್ತವೆ, ಅಲ್ಲಿ ಬಳಸಿ ಹೋಗಬೇಕು. ರೆಡಿಂಗ್, ಸ್ವಿಂಡನ್ ಕಡೆ ನೆಲೆಸಿರುವ ನಮ್ಮವರಿಗೆ ಇದು ಮನೆಬಾಗಿಲಿನ ದಾರಿ. ಸ್ವಿಂಡನ್‌ನಲ್ಲಿ ರೈಲಿಳಿದು ಓವರ್‌ಟನ್ ಹಿಲ್‌ಗೆ ಬಂದು, ಅಲ್ಲಿಂದ ಪೂರ್ವಕ್ಕೆ ತುಳಿದು ಸ್ಟ್ರೀಟ್ಲಿಯ ಎದುರುದಡದ ಗೋರಿಂಗ್‌ನಲ್ಲಿ ರೈಲು ಹತ್ತುವುದು ಒಳ್ಳೆಯದು. ಆ ನಾಡಿನ ಗಾಳಿ ಬಹುಪಾಲು ನೈಋತ್ಯದಿಂದ ಬೀಸುವಂಥದ್ದು. ಮರವಿಲ್ಲದ ದಿಬ್ಬದ ನೆತ್ತಿಯ ಮೇಲೆ ಅದು ಬೆನ್ನಿಗಿರಬೇಕು, ಎದೆಗಲ್ಲ.

ನೀರು ಎರಡು ಮೂರು ಲೀಟರ್ ಹೊತ್ತುಕೊಳ್ಳಿ. ದಿಬ್ಬ ಪೂರ್ತಿ ಚಾಕ್, ಅಂದರೆ ಸೀಮೆಸುಣ್ಣದ ಕಲ್ಲು. ನಮ್ಮ ಹಿರಿಯರು 'ಸೀಮೆಯ ಸುಣ್ಣ' ಅಂತ ಹೆಸರಿಟ್ಟದ್ದಕ್ಕೆ ಇಲ್ಲಿ ಕಾಲಿಟ್ಟಾಗ ಅರ್ಥ ಬರುತ್ತದೆ. ಮಳೆ ನೀರು ಅದರೊಳಗೆ ಇಂಗಿ ಕೆಳಗಿಳಿದು, ಜೇಡಿ ತಾಗಿದ ಕಡೆ, ದಿಬ್ಬದ ಬುಡದಲ್ಲಿ ಒರತೆಯಾಗಿ ಏಳುತ್ತದೆ. ಹಾಗಾಗಿ ಹಳ್ಳಿಗಳೆಲ್ಲ ಬುಡದಲ್ಲಿ. ಒಂದು ಲೋಟ ಚಹಾಕ್ಕೆ ಇಳಿದರೆ ಸುಮಾರು ನೂರು ಮೀಟರ್ ಮತ್ತೆ ಏರಬೇಕು.

ಒಣಗಿದ ಚಾಕ್ ಸಿಮೆಂಟ್ ರಸ್ತೆಯಂತೆ ಓಡಿಸುತ್ತದೆ. ನೆನೆದ ಚಾಕ್ ಸೋಪು. ಮೇಲೆ ತೆಳ್ಳನೆಯ ಬಿಳಿ ಪದರ ಎದ್ದು, ಟೈರಿನ ಹಲ್ಲು ಗಟ್ಟಿ ನೆಲವನ್ನು ಮುಟ್ಟುವುದೇ ಇಲ್ಲ. ಮರದ ನೆರಳಿನಲ್ಲಿ ಪಾಚಿ ಹಸಿರು ಕಂಡರೆ ಇನ್ನೂ ಕೆಟ್ಟದ್ದು. ತಿರುವಿಗೆ ಮುಂಚೆಯೇ, ಸೈಕಲ್ ನೆಟ್ಟಗಿರುವಾಗ ಬ್ರೇಕ್ ಹಿಡಿದು ಮುಗಿಸಿ. ವಾಲಿದ ಮೇಲೆ ಮುಂದಿನ ಬ್ರೇಕ್ ಮುಟ್ಟಬೇಡಿ. ಟ್ರ್ಯಾಕ್ಟರ್ ಚಕ್ರ ಕೊರೆದ ಹಳ್ಳದಲ್ಲಿ ಮುಂದಿನ ಚಕ್ರ ಇಳಿದರೆ ಹ್ಯಾಂಡಲ್ ತಿರುಗಿಸಿ ಹೊರಬರಲು ಹೋಗಬೇಡಿ. ಟೈರಿನ ಪಕ್ಕ ಹಳ್ಳದ ಗೋಡೆಗೆ ಉಜ್ಜಿ ಬೀಳುತ್ತೀರಿ. ಕಣ್ಣು ದೂರಕ್ಕಿಟ್ಟು, ಎರಡು ಪೆಡಲನ್ನೂ ಸಮಮಟ್ಟದಲ್ಲಿ ನಿಲ್ಲಿಸಿ, ಹಳ್ಳ ತೆಳುವಾಗುವವರೆಗೆ ಅದರೊಳಗೇ ಉರುಳಿ. ಅಡ್ಡ ದಾಟುವುದಾದರೆ ನೇರ ಅಡ್ಡವಾಗಿ ದಾಟಿ.

ದಿಬ್ಬ ಇಳಿದು ವೇಲ್ ಅನ್ನುವ ತಗ್ಗುನಾಡಿಗೆ ಬಂದರೆ ಜೇಡಿಮಣ್ಣು. ಮಳೆಗಾಲದಲ್ಲಿ ಎರೆಹೊಲಕ್ಕೆ ಬಂಡಿ ಇಳಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮಣ್ಣು ಟೈರಿಗೆ ಮೆತ್ತುತ್ತದೆ, ಹುಲ್ಲು ಸೇರುತ್ತದೆ, ಫ್ರೇಮಿನ ಸಂದಿಯಲ್ಲಿ ಗೋಡೆ ಕಟ್ಟುವ ಮಣ್ಣಿನ ಹಾಗೆ ಗಟ್ಟಿಯಾಗುತ್ತದೆ. ಚಕ್ರ ನಿಂತಾಗ ಹಟದಿಂದ ಪೆಡಲ್ ಒತ್ತಿದಿರೋ, ಚೈನಿನ ಜೊತೆ ಹುಲ್ಲು ಸುತ್ತಿಕೊಂಡು ಗೇರು ಬದಲಿಸುವ ಡಿರೇಲರ್ ಹಿಂದಕ್ಕೆ ಎಳೆದುಕೊಂಡು ಹೋಗಿ ಚಕ್ರದ ಕಡ್ಡಿಗಳ ನಡುವೆ ಸಿಕ್ಕುತ್ತದೆ. ಅದನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್ ಅನ್ನುವ ಸಣ್ಣ ಲೋಹದ ತುಂಡು ಮುರಿಯುತ್ತದೆ. ಅದು ಫ್ರೇಮ್ ಉಳಿಸಲೆಂದೇ ಮುರಿಯುವಂತೆ ಮಾಡಿದ ಭಾಗ. ಆದರೆ ಅನೇಕ ಫ್ರೇಮುಗಳಿಗೆ ಅದರ ಆಕಾರ ಬೇರೆ ಬೇರೆ, ದಾರಿಯ ಅಂಗಡಿಯಲ್ಲಿ ನಿಮ್ಮದೇ ಸಿಗುವುದು ಅದೃಷ್ಟ. ಒಂದನ್ನು ಸೀಟಿನ ಚೀಲದಲ್ಲಿ ಇಟ್ಟುಕೊಳ್ಳಿ. ಚಕ್ರ ಭಾರ ಅನ್ನಿಸಿದ ಕೂಡಲೇ ಇಳಿದು, ಒಂದು ಮರದ ಕಡ್ಡಿ ಮುರಿದುಕೊಂಡು ಸಂದಿ ಕೆರೆಯಿರಿ. ಟೈರಿಗೂ ಫ್ರೇಮಿಗೂ ಮಧ್ಯೆ ಒಂದು ಬೆರಳು ಆಡುವಷ್ಟು ಜಾಗ ಇರಬೇಕು, 2.4 ಇಂಚಿನ ಟೈರ್ ಹಾಕಿ ಆ ಜಾಗ ತುಂಬಿಸುವುದಕ್ಕಿಂತ 2.2 ಇಂಚಿನದು, ಹಲ್ಲು ದೂರದೂರ ಇರುವಂಥದ್ದು ವಾಸಿ.

ಗಾಳಿ ಎಷ್ಟು? ಸುಮಾರು 75 ಕಿಲೋ ತೂಕದವರಿಗೆ ಟ್ಯೂಬ್‌ಲೆಸ್ ಆದರೆ ಮುಂದೆ 22, ಹಿಂದೆ 25 ಪಿಎಸ್‌ಐ ಹತ್ತಿರ. ಟ್ಯೂಬ್ ಇದ್ದರೆ 30ರ ಮೇಲೆ. ಅದಕ್ಕಿಂತ ಇಳಿಸಿದರೆ ಚಕಮಕಿ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ನಜ್ಜಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಚಾಕ್ ಇದ್ದಲ್ಲಿ ಚಕಮಕಿ ಕಲ್ಲು ಇದ್ದೇ ಇರುತ್ತದೆ, ಒಡೆದ ಅಂಚು ಬ್ಲೇಡಿನಷ್ಟು ಹರಿತ. ಟೈರಿನ ಪಕ್ಕ ಸೀಳಿದರೆ, ತೂತು ಮುಚ್ಚಲೆಂದು ಟೈರಿನೊಳಗೆ ಹಾಕುವ ಸೀಲಂಟ್ ದ್ರವ ಗಾಳಿಯನ್ನು ನಿಲ್ಲಿಸಲಾರದು. ಸೀಳಿನ ಒಳಗಿಡಲು ಹಳೆ ಟೈರಿನ ಒಂದು ತುಂಡು, ಜೊತೆಗೆ ಒಂದು ಟ್ಯೂಬು ಚೀಲದಲ್ಲಿರಲಿ.

ಮುಳ್ಳಿನದು ಬೇರೆ ಕಥೆ. ಹಕ್ಕಿ ಗೂಡು ಕಟ್ಟುವ ಕಾಲವೆಂದು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ರೈತರು ಬೇಲಿ ಕತ್ತರಿಸುವಂತಿಲ್ಲ. ಹಾಗಾಗಿ ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಟ್ರ್ಯಾಕ್ಟರಿಗೆ ಕಟ್ಟಿದ ಯಂತ್ರ ಹಾಥಾರ್ನ್, ಬ್ಲ್ಯಾಕ್‌ಥಾರ್ನ್ ಬೇಲಿಗಳನ್ನು ಚಚ್ಚಿ ದಾರಿ ತುಂಬ ಮುಳ್ಳು ಚೆಲ್ಲುತ್ತದೆ. ಹೊಸದಾಗಿ ಕತ್ತರಿಸಿದ ಬೇಲಿ ಕಂಡರೆ ದಾರಿಯ ಆಚೆ ಅಂಚು ಹಿಡಿಯಿರಿ. ಟ್ಯೂಬ್ ಬದಲಿಸುವಾಗ ಬಟ್ಟೆ ಸುತ್ತಿದ ಬೆರಳನ್ನು ಟೈರಿನ ಒಳಮೈ ಪೂರ್ತಿ ನಿಧಾನವಾಗಿ ಆಡಿಸಿ. ಮುಳ್ಳು ಹೊರಗೆ ಮುರಿದು ತುದಿ ಮಾತ್ರ ಒಳಗೆ ಉಳಿದಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಬಿಟ್ಟರೆ ಹೊಸ ಟ್ಯೂಬಿನ ಗತಿಯೂ ಅದೇ. ಟ್ಯೂಬ್‌ಲೆಸ್ ಆದರೆ ಚಕ್ರಕ್ಕೆ 80 ಮಿಲಿಲೀಟರ್ ಸೀಲಂಟ್ ಹಾಕಿ. ಮೂರು ನಾಲ್ಕು ತಿಂಗಳಿಗೆ ಅದು ಒಣಗುತ್ತದೆ, ಮತ್ತೆ ತುಂಬಿಸಬೇಕು.

ಕುದುರೆ ಮುಂದೆ ಹೋಗುತ್ತಿದ್ದರೆ ದೂರದಿಂದಲೇ 'ಹಲೋ' ಅನ್ನಿ. ಬೆಲ್ಲಿಗಿಂತ ಮಾತು ಮೇಲು. ದನಿ ಕೇಳಿದರೆ ಬರುತ್ತಿರುವುದು ಮನುಷ್ಯ ಅಂತ ಕುದುರೆಗೆ ಗೊತ್ತಾಗುತ್ತದೆ. ಸದ್ದಿಲ್ಲದೆ ಹಿಂದಿನಿಂದ ಬಂದದ್ದನ್ನು ಅದು ಬೇಟೆಯಾಡುವ ಪ್ರಾಣಿ ಅಂತಲೇ ತಿಳಿಯುವುದು. ಸವಾರರು ಕೈ ಮಾಡಿದ ಮೇಲೆ ನಡಿಗೆಯ ವೇಗದಲ್ಲಿ, ದೂರ ಬಿಟ್ಟು ದಾಟಿ. ಎದುರಿಗೆ ಬಂದರೆ ನಿಂತುಬಿಡಿ. ಕರು ಜೊತೆಗಿರುವ ಹಸುಗಳ ಹೊಲದಲ್ಲಿ ತಾಯಿಗೂ ಕರುವಿಗೂ ನಡುವೆ ನುಗ್ಗಬೇಡಿ. ಗೇಟು ಹೇಗಿತ್ತೋ ಹಾಗೆ ಬಿಡಿ.

ಮನೆಗೆ ಬಂದ ಸಂಜೆಯೇ ಸೈಕಲ್ ತೊಳೆಯಿರಿ, ಚಾಕ್ ಒಣಗಿದರೆ ಗಾರೆಯಂತೆ ಅಂಟುತ್ತದೆ. ಬಕೆಟ್ಟು, ಬ್ರಷ್ಷು ಸಾಕು. ಪ್ರೆಶರ್ ವಾಷರ್ ಹಿಡಿದರೆ ಬೇರಿಂಗಿನೊಳಗಿನ ಗ್ರೀಸ್ ಹೊರಟು ಮಣ್ಣುನೀರು ಒಳಸೇರುತ್ತದೆ. ಚೈನು ಒರೆಸಿ, ಒಣಗಿಸಿ, ಕೊಂಡಿಗೊಂದು ತೊಟ್ಟು ಎಣ್ಣೆ ಬಿಡಿ. ಆಮೇಲೆ ಟೈರನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ, ಹಲ್ಲುಗಳ ನಡುವೆ ಮುಳ್ಳಿನ ಕಂದು ಚುಕ್ಕೆ ಹುಡುಕಿ. ಈಗ ಗಾಳಿ ನಿಂತಿದೆ ಅಂತ ಅದನ್ನು ಹಾಗೇ ಬಿಟ್ಟರೆ, ಮುಂದಿನ ಭಾನುವಾರ ಬೆಳಗ್ಗೆ ರೈಲಿಗೆ ಹೊರಡುವ ಹೊತ್ತಿಗೆ ಚಕ್ರ ನೆಲಕ್ಕೆ ಕೂತಿರುತ್ತದೆ.

ನಮಸ್ಕಾರ.