ಮುಷ್ಟಿ ಮರಳು

ಕೇಳುಗರಿಗೆ ನಮಸ್ಕಾರ.

ಬೆಳಗಾವಿಯಿಂದ ಖಾನಾಪುರ ರಸ್ತೆ ಹಿಡಿದು ಹೊರಟರೆ ಉದ್ಯಮಬಾಗ ಸಿಗುತ್ತದೆ. ಬೆಳಗಿನ ಪಾಳಿಯ ಹೊತ್ತಿಗೆ ಅಲ್ಲಿ ಸುಟ್ಟ ಮರಳಿನ ವಾಸನೆ. ಮೂವತ್ತು ವರ್ಷ ಆ ವಾಸನೆಯನ್ನು ಅಂಗಿಯಲ್ಲಿ ಹೊತ್ತು ಮನೆಗೆ ಹೋದವನು ನಾನು. ನನ್ನ ಹೆಂಡತಿ ಆ ಅಂಗಿಯನ್ನು ಬೇರೆ ಬಕೀಟಿನಲ್ಲೇ ನೆನೆಹಾಕುತ್ತಿದ್ದಳು.

ನಾನು ಫೌಂಡ್ರಿಯಲ್ಲಿ, ಅಂದರೆ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಕಾರ್ಖಾನೆಯಲ್ಲಿ, ಇದ್ದೆನಾದರೂ ಎರಕ ಹೊಯ್ದವನಲ್ಲ. ಹೊಯ್ಯುವವರ ವೇಳೆ ಅಳೆಯುವುದು ನನ್ನ ಕೆಲಸ. ಪುಸ್ತಕದಲ್ಲಿ ಇದಕ್ಕೆ ಕಾರ್ಯ ಅಧ್ಯಯನ ಅನ್ನುತ್ತಾರೆ. ಶಾಪಿನಲ್ಲಿ, ಅಂದರೆ ಕೆಲಸದ ಶೆಡ್ಡಿನಲ್ಲಿ, ಎಲ್ಲರೂ ವರ್ಕ್ ಸ್ಟಡಿ ಅನ್ನುತ್ತಿದ್ದರು. ನನ್ನ ಬೆನ್ನ ಹಿಂದೆ ನನಗೆ ‘ಗಡಿಯಾರ ಸಾಹೇಬ’ ಎಂದು ಹೆಸರಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಕಾರ್ಖಾನೆಯ ಹೆಸರು ಬೇಡ. ಆಡಳಿತದವರು ನನ್ನನ್ನು ಪುಣೆಗೆ ಮೂರು ವಾರದ ತರಬೇತಿಗೆ ಕಳಿಸಿದರು. ಹೋಗುವಾಗ ಕೈಯಲ್ಲಿ ಟ್ರಂಕು, ಬರುವಾಗ ಕಿಸೆಯಲ್ಲಿ ಸ್ಟಾಪ್‌ವಾಚ್. ಅದು ನಿಮ್ಮ ಕ್ರೀಡಾಕೂಟದ ಗಡಿಯಾರವಲ್ಲ. ಅದರಲ್ಲಿ ಒಂದು ನಿಮಿಷಕ್ಕೆ ಅರವತ್ತಲ್ಲ, ನೂರು ಭಾಗ. ಲೆಕ್ಕ ಮಾಡಲು ಸುಲಭ ಅಂತ.

ಲೆಕ್ಕ ಹೀಗೆ. ಮೋಲ್ಡರ್ ಅಂದರೆ ಮರಳಿನ ಅಚ್ಚು ಮಾಡುವವನು, ಒಂದು ಪೆಟ್ಟಿಗೆ ಕಟ್ಟುತ್ತಾನೆ. ಪ್ಯಾಟರ್ನ್, ಅಂದರೆ ಮಾಲಿನ ಮಾದರಿ, ಇಡಬೇಕು, ಮರಳು ತುಂಬಬೇಕು, ಬಡಿಯಬೇಕು, ಗಾಳಿ ಹೋಗಲು ತೂತು ಚುಚ್ಚಬೇಕು, ಪ್ಯಾಟರ್ನ್ ಎತ್ತಿ, ಒಳಗಿನ ಪೊಳ್ಳಿಗೆ ಕೋರ್ ಕೂಡಿಸಿ ಮುಚ್ಚಬೇಕು. ಹಲವು ಸಲ ಅಳೆದರೆ ಸರಾಸರಿ 8 ನಿಮಿಷ ಬಂತು ಅನ್ನಿ. ಅವನ ಕೆಲಸದ ಗತಿ ನೂರಕ್ಕೆ 90 ಎಂದು ನನ್ನ ಕಣ್ಣು ಹೇಳಿತು ಅನ್ನಿ. ಆಗ 8 ನಿಮಿಷ 7.2 ಆಗುತ್ತದೆ. ಇದರ ಮೇಲೆ ವಿಶ್ರಾಂತಿಯ ಪಾಲು. ನೀರು-ನಿಡಿಗೆ ನೂರಕ್ಕೆ 5, ಸಹಜ ದಣಿವಿಗೆ 4, ನಿಂತು ಮಾಡುವುದಕ್ಕೆ, ಕಾವಿಗೆ, ಧೂಳಿಗೆ ಇನ್ನಷ್ಟು. ಎಲ್ಲ ಸೇರಿ 20 ಹಿಡಿದರೆ ಒಂದು ಪೆಟ್ಟಿಗೆಗೆ 8.64 ನಿಮಿಷ. ಎಂಟು ತಾಸಿನ ಪಾಳಿಗೆ 55 ಪೆಟ್ಟಿಗೆ.

ಈ ಲೆಕ್ಕದಲ್ಲಿ ಎಲ್ಲವೂ ಗಣಿತ, ಆ 90 ಒಂದನ್ನು ಬಿಟ್ಟು. ಅದು ನನ್ನ ಊಹೆ. ತರಬೇತಿಯಲ್ಲಿ ನಮಗೆ ಕಲಿಸಿದ್ದು: ಸಮತಟ್ಟಾದ ನೆಲದ ಮೇಲೆ ಬರಿಗೈಯಲ್ಲಿ ತಾಸಿಗೆ ನಾಲ್ಕು ಮೈಲಿ ನಡೆಯುವ ಚುರುಕನ್ನು ನೂರು ಎಂದು ಹಿಡಿಯಿರಿ. ಮುಂದೆ ಇದನ್ನು ನಮ್ಮ ಮೋಲ್ಡರುಗಳಿಗೆ ವಿವರಿಸಿದಾಗ ಒಬ್ಬರು ಕೇಳಿದರು, “ಯಾವ ರಸ್ತಾದಾಗ್ರಿ? ನಮ್ಮ ಮಚ್ಛೆ ರಸ್ತಾದಾಗೇನು?” ಎಲ್ಲರೂ ನಕ್ಕರು. ನನಗೆ ಆ ದಿನ ನಗು ಬರಲಿಲ್ಲ.

ಕೇಳಿದವರು ನಮ್ಮ ಶಾಪಿನ ಹಿರಿಯ ಮೋಲ್ಡರ್. ಎಲ್ಲರಿಗೂ ಅವರು ಕಾಕಾ. ಪೀರನವಾಡಿ ಕಡೆಯಿಂದ ಸೈಕಲ್ ಮೇಲೆ ಬರುತ್ತಿದ್ದರು. ಬಲಗೈಯ ಹೆಬ್ಬೆರಳಿನ ಉಗುರು ಅರ್ಧ ಸುಟ್ಟುಹೋಗಿತ್ತು. ಅವರನ್ನೇ ನಾನು ಮೊದಲು ಅಳೆದದ್ದು, ಮೇ ತಿಂಗಳಲ್ಲಿ, ಮೂರು ದಿನ.

ಕಾಕಾ ಪ್ರತಿ ಪೆಟ್ಟಿಗೆಗೂ ಮೊದಲು ಒಂದು ಕೆಲಸ ಮಾಡುತ್ತಿದ್ದರು. ಗುಡ್ಡೆಯಿಂದ ಒಂದು ಮುಷ್ಟಿ ಮರಳು ತಗೊಂಡು ಬಿಗಿಯಾಗಿ ಹಿಸುಕುವುದು, ಕೈ ಬಿಚ್ಚಿ ಉಂಡೆಯನ್ನು ನೋಡುವುದು, ಎರಡೂ ಕೈಯಲ್ಲಿ ಹಿಡಿದು ಮುರಿಯುವುದು, ಮುರಿದ ಅಂಚನ್ನು ದಿಟ್ಟಿಸುವುದು. ಒಮ್ಮೊಮ್ಮೆ ಆ ಮರಳಿಗೆ ಹಿಂದಿನ ಗುಡ್ಡೆಯಿಂದ ಒಂದೆರಡು ಸಲಿಕೆ ತಂದು ಬೆರೆಸುವುದು. ಇದಕ್ಕೆ ಸರಾಸರಿ 0.40 ನಿಮಿಷ. ನನ್ನ ಹಾಳೆಯಲ್ಲಿ ಅದರ ಎದುರು ‘ಅನಗತ್ಯ’ ಎಂದು ಬರೆದೆ. ನನ್ನ ಅಕ್ಷರವೂ ಆಗ ಬಹಳ ಚೆಂದ ಇತ್ತು.

ಆ 0.40 ತೆಗೆದುಹಾಕಿ ಮತ್ತೆ ಗುಣಾಕಾರ ಮಾಡಿದರೆ 55 ಹೋಗಿ 58 ಆಗುತ್ತದೆ. ಹದಿನಾಲ್ಕು ಮೋಲ್ಡರುಗಳಿಗೆ ದಿನಕ್ಕೆ 42 ಪೆಟ್ಟಿಗೆ ಜಾಸ್ತಿ, ಒಂದು ರೂಪಾಯಿಯ ಯಂತ್ರ ತರದೆ. ಮ್ಯಾನೇಜರ್ ಸಾಹೇಬರು ನನಗೆ ತಮ್ಮ ಕೋಣೆಯಲ್ಲಿ ಚಹಾ ಕೊಡಿಸಿದರು. ಜೂನ್ ಒಂದರಿಂದ ಹೊಸ ಲೆಕ್ಕ ಜಾರಿ. 58 ಮುಟ್ಟಿದವರಿಗಷ್ಟೇ ಇನ್ಸೆಂಟಿವ್.

ಬೆಳಗಾವಿಯ ಮಳೆ ನಿಮಗೆ ಗೊತ್ತು. ಮಿರಗ, ಅಂದರೆ ಮೃಗಶಿರಾ ಮಳೆ, ಹಿಡಿಯಿತು ಅಂದರೆ ಬಿಡುವುದಿಲ್ಲ. ಶೆಡ್ಡಿನ ಒಂದು ಬದಿ ತೆರೆದಿತ್ತು, ಮರಳಿನ ಗುಡ್ಡೆ ಇದ್ದದ್ದು ಆ ಬದಿಗೇ. ಗಾಳಿಗೆ ಇರಚಲು ಹೊಡೆದು ಮರಳು ಹಸಿಯಾಗುತ್ತಿತ್ತು. ಅಚ್ಚಿನ ಮರಳಿನಲ್ಲಿ ನೀರು ಹದ ಮೀರಿದರೆ ಕರಗಿದ ಕಬ್ಬಿಣ ತಾಗಿದ ಕ್ಷಣ ಅದು ಆವಿಯಾಗುತ್ತದೆ. ಹೊರಹೋಗಲು ದಾರಿ ಸಿಗದ ಆವಿ ಕಬ್ಬಿಣದೊಳಗೇ ತೂತಾಗಿ ಕೂತುಬಿಡುತ್ತದೆ. ಬ್ಲೋಹೋಲ್ ಅನ್ನುವುದು ಅದಕ್ಕೇ. ಹೊರಗಿನಿಂದ ಕಾಸ್ಟಿಂಗ್, ಅಂದರೆ ಎರಕದ ಮಾಲು, ನುಣ್ಣಗೆ ಕಾಣುತ್ತದೆ. ಗಿರಾಕಿಯ ಲೇಥ್ ಮೇಲೆ ಮೊದಲ ಕಟ್ ತೆಗೆದಾಗ ಜೋಳದ ಕಾಳಿನಷ್ಟು ತೂತುಗಳು ಸಾಲಾಗಿ ಕಾಣಿಸಿಕೊಳ್ಳುತ್ತವೆ.

ಜುಲೈಯಲ್ಲಿ ಟೆಂಪೋ ತುಂಬ ಮಾಲು ವಾಪಸ್ ಬಂತು. ಮುಂದಿನ ವಾರ ಮತ್ತೊಂದು. ಕಾಕಾ ಮುಷ್ಟಿಯಲ್ಲಿ ಹಿಸುಕಿ ನೋಡುತ್ತಿದ್ದದ್ದು ಆ ನೀರಿನ ಹದವನ್ನೇ ಎಂದು ಆಗ ನನಗೆ ಹೊಳೆಯಿತು.

ನಾನು ಕಾಕಾನ ಹತ್ತಿರ ಹೋದೆ. “ಇದು ನಿಮಗೆ ಗೊತ್ತಿತ್ತಲ್ಲ ಕಾಕಾ, ನನಗ ಯಾಕ ಹೇಳಲಿಲ್ಲ?” ಅಂದೆ. ಕಾಕಾ ಮರಳು ಬಡಿಯುವುದು ನಿಲ್ಲಿಸಲಿಲ್ಲ. “ನೀವು ಕೇಳಲಿಲ್ರಿ ಸಾಹೇಬ್ರ. ಮೂರು ದಿವಸ ನಿಂತ ಬರಕೊಂಡು ಹ್ವಾದ್ರಿ.”

ಕಾರ್ಯ ಅಧ್ಯಯನ ಕೆಟ್ಟ ವಿದ್ಯೆ ಎಂದು ನಾನು ಹೇಳುತ್ತಿಲ್ಲ. ಅದರ ಜೀವವೇ ‘ಯಾಕೆ’ ಎಂಬ ಪ್ರಶ್ನೆ. ಏನು, ಎಲ್ಲಿ, ಯಾವಾಗ, ಯಾರು, ಹೇಗೆ ಎಂದು ಕೇಳಬೇಕು, ಪ್ರತಿಯೊಂದಕ್ಕೂ ಯಾಕೆ ಎಂದು ಮತ್ತೆ ಕೇಳಬೇಕು. ಪುಣೆಯಲ್ಲಿ ನಾನು ಇದನ್ನು ಬಾಯಿಪಾಠ ಮಾಡಿದ್ದೆ. ಆದರೆ ಆ ಪ್ರಶ್ನೆಯನ್ನು ನಾನು ನನಗೇ ಕೇಳಿಕೊಂಡೆ, ಉತ್ತರವನ್ನೂ ನಾನೇ ಕೊಟ್ಟುಕೊಂಡೆ.

ಈ ವಿದ್ಯೆಯ ಹಿರಿಯ ಅಮೆರಿಕದ ಫ್ರೆಡರಿಕ್ ಟೇಲರ್. ಅವನ ಪ್ರಸಿದ್ಧ ಪ್ರಯೋಗ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ನಡೆದದ್ದು. ನಮ್ಮ ಫೌಂಡ್ರಿಗಳಿಗೂ ಬರುತ್ತದಲ್ಲ ಬೀಡುಕಬ್ಬಿಣದ ಗಟ್ಟಿ, ಅದನ್ನು ಹೊತ್ತು ವ್ಯಾಗನ್ನಿಗೆ ಹಾಕುವ ಕೆಲಸ. ದಿನಕ್ಕೆ 12.5 ಟನ್ ಹೊರುತ್ತಿದ್ದವನು 47.5 ಟನ್ ಹೊತ್ತ. ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ತರಬೇತಿಯಲ್ಲಿ ಇದನ್ನು ವಿಜಯದ ಕಥೆಯಾಗಿ ಹೇಳಿದ್ದರು. ಭಾಗಾಕಾರ ಮಾಡಿ ನೋಡಿ: ಹೊರೆ ಸುಮಾರು ನಾಲ್ಕು ಪಟ್ಟು, ಪಗಾರ ಎರಡು ಪಟ್ಟೂ ಇಲ್ಲ.

ತರಬೇತಿಯಲ್ಲಿ ಹೇಳದೆ ಬಿಟ್ಟ ಇನ್ನೊಂದು ಕಥೆಯಿದೆ. 1911ರ ಆಗಸ್ಟಿನಲ್ಲಿ ಬಾಸ್ಟನ್ ಹತ್ತಿರದ ವಾಟರ್‌ಟೌನ್ ಶಸ್ತ್ರಾಗಾರದ ಫೌಂಡ್ರಿಗೆ ಸ್ಟಾಪ್‌ವಾಚ್ ಹಿಡಿದವನೊಬ್ಬ ಬಂದ. ಒಬ್ಬ ಮೋಲ್ಡರ್, ನನ್ನನ್ನು ಅಳೆಯಬೇಡ ಅಂದ. ಅವನನ್ನು ತೆಗೆದುಹಾಕಿದರು, ಉಳಿದ ಮೋಲ್ಡರುಗಳು ಹೊರನಡೆದರು. ಆ ತಕರಾರು ಅಮೆರಿಕದ ಸಂಸತ್ತಿನವರೆಗೆ ಹೋಗಿ, 1915ರಲ್ಲಿ ಸೇನೆಯ ಶಸ್ತ್ರಾಗಾರಗಳಲ್ಲಿ ಸ್ಟಾಪ್‌ವಾಚ್ ಬಳಸಕೂಡದು ಎಂದು ಕಾನೂನೇ ಬಂತು. ಇದನ್ನು ಮೊದಲು ಓದಿದಾಗ ಆ ಮೋಲ್ಡರುಗಳೂ ಮುಷ್ಟಿಯಲ್ಲಿ ಮರಳು ಹಿಸುಕುತ್ತಿದ್ದವರೇ ಅಲ್ಲವೇ ಅನ್ನಿಸಿತು.

ನಮ್ಮ ದೇಶದಲ್ಲಿ ಕಾರ್ಮಿಕರ ಮಾತು ಆಡಳಿತಕ್ಕೆ ಮುಟ್ಟಿಸಲು ದಾರಿ ಇಲ್ಲ ಅಂತಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ, ನೂರು ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಆಡಳಿತದವರೂ ಕಾರ್ಮಿಕರ ಪ್ರತಿನಿಧಿಗಳೂ ಕೂಡಿ ಕೂರುವ ವರ್ಕ್ಸ್ ಕಮಿಟಿ ರಚಿಸಲು ಸರ್ಕಾರ ಹೇಳಬಹುದು ಎಂದಿತ್ತು. 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಆ ನೂರರ ಲೆಕ್ಕ ಹಾಗೇ ಇದೆ. 1976ರ ತಿದ್ದುಪಡಿ ಸಂವಿಧಾನಕ್ಕೇ 43ಎ ವಿಧಿಯನ್ನು ಸೇರಿಸಿ, ಆಡಳಿತದಲ್ಲಿ ಕಾರ್ಮಿಕರು ಪಾಲುಗೊಳ್ಳಬೇಕು ಅಂದಿತು. ಉದ್ಯಮಬಾಗದ ಎಷ್ಟೋ ಶೆಡ್ಡುಗಳಲ್ಲಿ ನೂರು ಜನರೇ ಇಲ್ಲ, ಆ ಮಾತು ಬೇರೆ.

ನಮ್ಮಲ್ಲಿ ನೂರು ದಾಟಿತ್ತು, ಕಮಿಟಿಯೂ ಇತ್ತು. ಅದರ ನಡಾವಳಿ ಪುಸ್ತಕ ತೆಗೆದು ನೋಡಿದೆ. ಚಹಾ ನೀರಾಗಿದೆ. ಸಂಡಾಸದ ಬಾಗಿಲಿಗೆ ಚಿಲಕವಿಲ್ಲ. ಸಮವಸ್ತ್ರದ ಬಟ್ಟೆ ದಪ್ಪ. ಮುಂದಿನ ತಿಂಗಳು: ಚಹಾ ಈಗಲೂ ನೀರಾಗಿದೆ. ಮರಳಿನ ಮಾತು ಒಂದು ಪುಟದಲ್ಲೂ ಇಲ್ಲ. ಉತ್ಪಾದನೆ ನಿಮಗೆ ಸಂಬಂಧಿಸಿದ್ದಲ್ಲ ಎಂದು ಮ್ಯಾನೇಜರ್ ಮೊದಲ ಸಭೆಯಲ್ಲೇ ಹೇಳಿದ್ದರಂತೆ.

ಕಾರ್ಮಿಕರ ಹಿಂಜರಿಕೆಗೂ ಕಾರಣವಿದೆ. ನಾರ್ತ್‌ಬ್ರೂಕ್ ಎಂಬ ಸೆಣಬಿನ ಗಿರಣಿಯಲ್ಲಿ ಕೆಲಸದ ಹೊರೆ ಬದಲಿಸುವ ಯೋಜನೆಗೆ ವರ್ಕ್ಸ್ ಕಮಿಟಿ ಒಪ್ಪಿದೆಯಲ್ಲ ಎಂದು ಆಡಳಿತ ವಾದಿಸಿತು. ಕಮಿಟಿ ಇರುವುದು ದಿನನಿತ್ಯದ ವಿಷಯಗಳಿಗೆ, ಅದು ಕಾರ್ಮಿಕ ಸಂಘದ ಜಾಗ ಹಿಡಿಯಲಾರದು ಎಂದು 1960ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಕಮಿಟಿಯಲ್ಲಿ ಬಾಯಿಬಿಟ್ಟರೆ ಅದನ್ನೇ ಒಪ್ಪಿಗೆ ಅಂತ ಹಿಡಿದು ಎಲ್ಲಿ ಸಿಕ್ಕಿಸುತ್ತಾರೋ ಎಂಬ ಅನುಮಾನ ನಮ್ಮ ಹುಡುಗರಿಗೂ ಇತ್ತು. ತಪ್ಪೇನಲ್ಲ.

ಆ ಮಳೆಗಾಲದ ನಂತರ ನಾನು ಒಂದು ಕೆಲಸ ಮಾಡಿದೆ. ಪುಣೆಯಲ್ಲಿ ಕಲಿತದ್ದನ್ನು ಮೋಲ್ಡರುಗಳಿಗೆ ಹೇಳಿಕೊಡುತ್ತೇನೆ, ಪಾಳಿ ಬಿಟ್ಟ ಮೇಲೆ ಅರ್ಧ ತಾಸು, ಎಂದೆ. ಮೊದಲ ಪ್ರಶ್ನೆ: “ಈ ಅರ್ಧ ತಾಸಿಗೆ ಪಗಾರ ಐತೇನ್ರಿ?” ಸಿಟ್ಟು ಬಂತು. ರಾತ್ರಿ ಯೋಚಿಸಿದರೆ, ಪುಣೆಯ ಮೂರು ವಾರಕ್ಕೆ ನನಗೆ ಪಗಾರ, ಮೇಲೆ ಭತ್ಯೆ ಕೊಟ್ಟಿದ್ದರು. ಮ್ಯಾನೇಜರರ ಜೊತೆ ಜಗಳಾಡಿ ತರಗತಿಯನ್ನು ಪಾಳಿಯೊಳಗೇ ತಂದೆ.

ಒಂದು ದಿನ ಶಾಪಿನ ನಕ್ಷೆಗೆ ಗುಂಡುಸೂಜಿ ಚುಚ್ಚಿ, ಒಬ್ಬ ಮೋಲ್ಡರ್ ಇಡೀ ಪಾಳಿ ಎಲ್ಲೆಲ್ಲಿ ಅಡ್ಡಾಡುತ್ತಾನೆ ಎಂದು ದಾರ ಸುತ್ತುತ್ತ ಹೋದೆವು. ದಾರವೆಲ್ಲ ಒಂದೇ ಮೂಲೆಗೆ ಹೋಗಿ ಗಂಟಾಯಿತು. ಅಲ್ಲಿ ನೀರಿನ ಟಾಕಿ. ಬೇಸಿಗೆಯಲ್ಲಿ ಮರಳು ಒಣಗಿದರೆ ಬಕೀಟು ಹಿಡಿದು ಅಲ್ಲಿಗೇ ಹೋಗಬೇಕು. ನಾನು ಹುಡುಕುತ್ತಿದ್ದ ನಿಮಿಷಗಳು ಕಾಕಾನ ಮುಷ್ಟಿಯಲ್ಲಲ್ಲ, ಆ ಬಕೀಟಿನಲ್ಲಿದ್ದವು. “ಗುಡ್ಡೀ ಮಗ್ಗಲಾ ಒಂದು ನಳಾ ಹಾಕ್ರಿ, ಆ ಬದಿಗೆ ಒಂದು ತಗಡ ಹೊಡೀರಿ,” ಅಂದರು ಕಾಕಾ. ಇದನ್ನು ಅವರು ಹಿಂದೆಯೂ ಮೇಸ್ತ್ರಿಗೆ ಹೇಳಿದ್ದರಂತೆ.

1953ರಲ್ಲಿ ಅಹಮದಾಬಾದಿನ ಕ್ಯಾಲಿಕೋ ಗಿರಣಿಯಲ್ಲಿಯೂ ಇಂಥದ್ದೇ ನಡೆದಿತ್ತು. ಸ್ವಯಂಚಾಲಿತ ಮಗ್ಗದ ಶೆಡ್ಡಿನಲ್ಲಿ ಕೆಲಸವನ್ನು ಚೂರುಚೂರು ಮಾಡಿ ಹಂಚಿದ್ದರು, ಉತ್ಪಾದನೆ ಏರಲಿಲ್ಲ. ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಬಂದು, ಕೆಲವು ಮಗ್ಗಗಳಿಗೆ ಒಂದು ಗುಂಪು ಎಂಬ ವಿಚಾರವನ್ನು ಮುಂದಿಟ್ಟರು. ಯಾರು ಯಾವ ಗುಂಪಿಗೆ ಎಂದು ಕಾರ್ಮಿಕರು ತಾವೇ ಆರಿಸಿಕೊಂಡುಬಿಟ್ಟರು. ಕೆಲವೇ ತಿಂಗಳಲ್ಲಿ ಬಟ್ಟೆ ಹೆಚ್ಚಾಯಿತು, ಕೆಟ್ಟ ಬಟ್ಟೆ ಕಡಿಮೆಯಾಯಿತು.

ಮುಂದಿನ ಸಲ ಕಾಕಾ ಕಮಿಟಿಗೆ ಆರಿಸಿಬಂದರು. ನಳದ ವಿಷಯ ಯುಗಾದಿ ಹೊತ್ತಿನ ಸಭೆಯಲ್ಲಿ ಎದ್ದಿತು. ಪರಿಶೀಲಿಸಲಾಗುವುದು ಎಂದು ಬರೆದರು. ಮುಂದಿನ ಸಭೆಗಳಲ್ಲೂ ಅದೇ ಸಾಲು. ದಸರೆ ಹೊತ್ತಿನ ಸಭೆಗೆ ಬರುವಾಗ ಕಾಕಾ ನನ್ನ ಮೇಜಿನಿಂದ ಸ್ಟಾಪ್‌ವಾಚ್ ಕೇಳಿ ಇಸಕೊಂಡು ಬಂದಿದ್ದರು. ನಳದ ಮಾತು ಬಂದ ಕೂಡಲೇ ಅದನ್ನು ಮ್ಯಾನೇಜರರ ಮುಂದೆ ಇಟ್ಟು ಗುಂಡಿ ಒತ್ತಿದರು. ಟಿಕ್ ಟಿಕ್ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೆ ಮಾತಿಲ್ಲ. “ನಡೀಲಿ ಬಿಡ್ರಿ,” ಅಂದರು ಕಾಕಾ. “ಇದು ಎಷ್ಟೊತ್ತಿನ ಕೆಲಸಾ ಅಂತ ನಾನೂ ಬರಕೋತೀನಿ.”

ದಸರೆ ಕಳೆದ ಹನ್ನೊಂದನೆಯ ದಿನ ನಳ ಬಂತು. ತಗಡು ಮರುವರ್ಷ.

ನಮಸ್ಕಾರ.