ಮಿನಿ ಟ್ರಾಕ್ಟರ್ ಕೊಳ್ಳುವ ಮುಂಚೆ ತೋಟದಲ್ಲಿ ಟೇಪು ಹಿಡಿಯಿರಿ

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲೂ ಬಿಡುವು ಮಾಡಿಕೊಂಡು ಬಂದಿದ್ದೀರಿ. ನಿಮ್ಮ ಹೊತ್ತು ಹಾಳು ಮಾಡದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೂರು, ನಾಲ್ಕು, ಐದು ಎಕರೆ ತೋಟ ಇರುವವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಅಣ್ಣ, ಮಿನಿ ಟ್ರಾಕ್ಟರ್ ತಗೋಬೇಕು, ಯಾವ ಕಂಪನಿದು ಚೆನ್ನಾಗಿದೆ?" ಮಹೀಂದ್ರಾನೋ, ಸ್ವರಾಜೋ, ಕುಬೋಟಾನೋ, ವಿಎಸ್‌ಟಿಯೋ? ನಾನು ತಿರುಗಿ ಕೇಳುತ್ತೇನೆ: ನಿಮ್ಮ ಸಾಲಿನ ನಡುವೆ ಎಷ್ಟು ಜಾಗ ಇದೆ? ನಿಮ್ಮೂರಿಗೆ ಮೆಕ್ಯಾನಿಕ್ ಎಷ್ಟು ದೂರದಿಂದ ಬರಬೇಕು? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಕಂಪನಿಯ ಹೆಸರು ತಾನಾಗಿಯೇ ಸಿಗುತ್ತದೆ. ಇವತ್ತು ನಾನು ಹೇಳಬೇಕಾಗಿರುವುದೂ ಇಷ್ಟೇ.

ನಾನು ಇದನ್ನು ಕಲಿತದ್ದು ದುಡ್ಡು ಕಳೆದುಕೊಂಡು. ಮೊದಲ ಗಾಡಿಯನ್ನು 2013ರಲ್ಲಿ ತಂದೆ. ಮೇಳವೊಂದರಲ್ಲಿ ನೋಡಿದ್ದೆ. ಬಣ್ಣ, ಸೀಟು, ಸದ್ದು ಎಲ್ಲವೂ ಮನಸ್ಸಿಗೆ ಹಿಡಿಸಿತ್ತು. ಎರಡನೇ ವರ್ಷದ ಜೂನ್ ತಿಂಗಳು. ಎರಡು ಹದ ಮಳೆ ಬಿದ್ದು ಕಳೆ ಮೊಣಕಾಲು ಮುಟ್ಟಿತ್ತು. ಗಾಡಿಯ ಹಿಂದೆ ಕಟ್ಟಿ ಮಣ್ಣು ಪುಡಿ ಮಾಡುವ ರೋಟವೇಟರನ್ನು ಎತ್ತಿ ನಿಲ್ಲಿಸಿದರೆ ಅದು ಮೆಲ್ಲಗೆ, ನೋಡನೋಡುತ್ತಿದ್ದಂತೆ, ನೆಲಕ್ಕೆ ಕೂರುತ್ತಿತ್ತು. ಎಣ್ಣೆಯ ಒತ್ತಡದಿಂದ ಅದನ್ನು ಎತ್ತುವ ಹೈಡ್ರಾಲಿಕ್‌ನ ಒಂದು ಸೀಲ್ ಹೋಗಿತ್ತು. ಕೈಬಳೆಗಿಂತ ಚಿಕ್ಕ ರಬ್ಬರ್ ಉಂಗುರ ಅದು. ಡೀಲರ್ ಹತ್ತಿರ ಆ ಸೀಲ್ ಇರಲಿಲ್ಲ. ಆ ಡೀಲರ್ ಇದ್ದದ್ದೇ 110 ಕಿಲೋಮೀಟರ್ ದೂರ. ಸೀಲ್ ಬರಲು 19 ದಿನ ಹಿಡಿಯಿತು. ಅಷ್ಟರಲ್ಲಿ ಕಳೆ ಬೀಜ ಕಟ್ಟಿತು. ಮುಂದಿನ ಎರಡು ವರ್ಷ ಆ ಬೀಜದ ಜೊತೆ ಗುದ್ದಾಡಿದೆ. ಗಾಡಿ ಕೆಟ್ಟದ್ದಾಗಿರಲಿಲ್ಲ. ನಾನು ಅದನ್ನು ತಂದ ಜಾಗ ಸರಿ ಇರಲಿಲ್ಲ.

ಈಗ ಅಳತೆಯ ವಿಷಯ. ನಮ್ಮ ಚನ್ನಗಿರಿ ಕಡೆ ಅಡಿಕೆಗೆ 9 ಅಡಿ ಅಂತರ ಸಾಮಾನ್ಯ. ಹಾಗಂತ 9 ಅಡಿ ದಾರಿ ಇದೆ ಅಂದುಕೊಳ್ಳಬೇಡಿ. ಮರದ ಬುಡದ ಎರಡೂ ಕಡೆ ಒಂದೊಂದು ಅಡಿಯಾದರೂ ಬಿಡಲೇಬೇಕು. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಜಾಸ್ತಿ ಹರಡುತ್ತದೆ. ರೋಟವೇಟರ್ ಬುಡಕ್ಕೆ ಹತ್ತಿರ ಹೋದರೆ ಆ ಬೇರನ್ನೇ ಕತ್ತರಿಸುತ್ತದೆ. ಡ್ರಿಪ್ ಪೈಪಿಗೂ ಜಾಗ ಬೇಕು. ನಡುವೆ ಬಾಳೆ ಇಟ್ಟಿದ್ದರೆ ಆ 9 ಅಡಿ ಒಮ್ಮೆಲೇ ನಾಲ್ಕು, ನಾಲ್ಕೂವರೆಗೆ ಇಳಿಯುತ್ತದೆ. ನನ್ನ ತೋಟದಲ್ಲಿ ಟೇಪು ಹಿಡಿದು 20 ಕಡೆ ಅಳೆದೆ. ಅತಿ ಕಿರಿದಾದ ಕಡೆ 4 ಅಡಿ 2 ಇಂಚು ಬಂತು. ಗಾಡಿ ಆರಿಸಬೇಕಾದದ್ದು ಆ ಒಂದು ಜಾಗಕ್ಕೆ, ಸರಾಸರಿಗಲ್ಲ. ಸಿಕ್ಕಿಹಾಕಿಕೊಳ್ಳುವುದು ಅಲ್ಲೇ ತಾನೇ?

ಸಾಲಿನ ತುದಿಯನ್ನೂ ಮರೆಯಬೇಡಿ. ಬದುವಿನವರೆಗೂ ಮರ ಇಟ್ಟಿದ್ದರೆ ಗಾಡಿ ತಿರುಗುವುದು ಎಲ್ಲಿ? ಅಗಲ ಕಡಿಮೆ ಇದ್ದರೂ ತಿರುಗಲು ಜಾಸ್ತಿ ಜಾಗ ಕೇಳುವ ಗಾಡಿಗಳಿವೆ. ನಾಲ್ಕೂ ಚಕ್ರಕ್ಕೆ ಎಳೆತ ಹಾಕಿಕೊಂಡು ತಿರುಗಿಸಿದರೆ ಇನ್ನಷ್ಟು ಜಾಗ ಬೇಕು. ಇನ್ನೊಂದು ಮಾತು: ರೋಟವೇಟರಿನ ಅಗಲ ಹಿಂದಿನ ಟೈರಿನ ಹೊರ ಅಂಚಿಗಿಂತ ಸ್ವಲ್ಪವಾದರೂ ಹೆಚ್ಚಿರಬೇಕು. ಇಲ್ಲದಿದ್ದರೆ ಟೈರು ತುಳಿದ ಪಟ್ಟಿ ಹಾಗೇ ಗಟ್ಟಿಯಾಗಿ ಉಳಿಯುತ್ತದೆ. ಅದಕ್ಕೇ ಗಾಡಿ ಮತ್ತು ರೋಟವೇಟರನ್ನು ಜೋಡಿಯಾಗಿಯೇ ನೋಡಿ.

ಇನ್ನು ಕಂಪನಿಗಳ ಮಾತು. ಮಹೀಂದ್ರಾ ಯುವರಾಜ್ 215, ಸ್ವರಾಜ್ 717, ಈ ಎರಡೂ 15 ಎಚ್‌ಪಿ (ಅಶ್ವಶಕ್ತಿ) ವರ್ಗದವು. ಎರಡಕ್ಕೂ ಒಂದೇ ಸಿಲಿಂಡರ್. ಸ್ವರಾಜ್ ಮಾಡುತ್ತಿದ್ದ ಪಂಜಾಬ್ ಟ್ರಾಕ್ಟರ್ಸ್ ಕಂಪನಿಯನ್ನು ಮಹೀಂದ್ರಾ 2007ರಲ್ಲೇ ಕೊಂಡಿತು. ಹಾಗಾಗಿ ಸ್ವರಾಜ್ ಕೂಡ ಅದೇ ಮನೆಯದು. ಆದರೂ ಷೋರೂಂ ಬೇರೆ, ಡೀಲರ್ ಬೇರೆ. ಒಂದು ಸಿಲಿಂಡರಿನ ಇಂಜಿನ್ ಸರಳ. ನಮ್ಮ ಹಳ್ಳಿ ಮೆಕ್ಯಾನಿಕ್‌ಗಳಿಗೆ ಬಿಚ್ಚಿ ಜೋಡಿಸುವುದು ಸುಲಭ. ಆದರೆ ನಡುಕ ಜಾಸ್ತಿ. ಮೂರು ಗಂಟೆ ಕೂತರೆ ಸೊಂಟಕ್ಕೆ ಗೊತ್ತಾಗುತ್ತದೆ.

ಕುಬೋಟಾದ ನಿಯೋಸ್ಟಾರ್ ಬಿ2441 ಗಾಡಿ 24 ಎಚ್‌ಪಿ, ಮೂರು ಸಿಲಿಂಡರ್, ನಾಲ್ಕೂ ಚಕ್ರಕ್ಕೆ ಎಳೆತ. ತೂಕ ಸುಮಾರು 630 ಕಿಲೋ. ಯುವರಾಜ್ 780 ಕಿಲೋ ಆಸುಪಾಸು. ಕಡಿಮೆ ಎಚ್‌ಪಿಯ ಗಾಡಿಯೇ ಹೆಚ್ಚು ತೂಗುತ್ತದೆ, ನೋಡಿ. ತೂಕ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ನಿಮ್ಮ ಮಣ್ಣಿನ ಮೇಲೆ ಹೋಗುತ್ತದೆ. ನೀರು ಹಾಯಿಸಿದ ತೋಟದಲ್ಲಿ ಹಗುರ ಗಾಡಿ ಮಣ್ಣನ್ನು ಅಷ್ಟಾಗಿ ಅದುಮುವುದಿಲ್ಲ. ಟ್ರೇಲರ್ ಕಟ್ಟಿ ಗೊಬ್ಬರ ಹೇರಿಕೊಂಡು ಇಳಿಜಾರಿನಲ್ಲಿ ಬರುವವರಿಗೆ ತೂಕವೇ ಧೈರ್ಯ. ಹಗುರ ಗಾಡಿಯನ್ನು ಹಿಂದಿನ ಹೊರೆ ತಳ್ಳಿಬಿಡುತ್ತದೆ. ಈ ವಿಷಯದಲ್ಲಿ ದಯವಿಟ್ಟು ಉಡಾಫೆ ಬೇಡ, ಪ್ರಾಣದ ಪ್ರಶ್ನೆ.

ವಿಎಸ್‌ಟಿ ನಮ್ಮ ಬೆಂಗಳೂರಿನ ಕಂಪನಿ. 1967ರಲ್ಲಿ ಶುರುವಾಯಿತು. ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಪವರ್ ಟಿಲ್ಲರ್ ಮಾಡಿದವರು. ನಮ್ಮ ಭತ್ತದ ಗದ್ದೆಗಳಲ್ಲಿ ಅವರ ಟಿಲ್ಲರ್ ನೋಡದವರು ಯಾರಿದ್ದಾರೆ? ಟಿಲ್ಲರ್ ರಿಪೇರಿ ಮಾಡುವ ಕೈಗಳು ನಮ್ಮಲ್ಲಿ ಮೊದಲಿಂದಲೂ ಇರುವುದರಿಂದ ಅವರ ಮಿನಿ ಟ್ರಾಕ್ಟರಿಗೂ ಕೆಲವು ಕಡೆ ಅನುಕೂಲ ಆಗಿದೆ. ಗುಜರಾತಿನ ರಾಜಕೋಟ್‌ನ ಕ್ಯಾಪ್ಟನ್, ಸೋನಾಲಿಕಾ, ಜಾನ್ ಡಿಯರ್, ಮ್ಯಾಸ್ಸಿ ಎಲ್ಲರ ಹತ್ತಿರವೂ ಚಿಕ್ಕ ಗಾಡಿಗಳಿವೆ. ಮಹೀಂದ್ರಾದವರೇ 2023ರಲ್ಲಿ ಓಜಾ ಅನ್ನುವ ಹಗುರ ಗಾಡಿಗಳ ಸಾಲನ್ನು ಬಿಟ್ಟಿದ್ದಾರೆ. ಒಂದೊಂದನ್ನೂ ಹೇಳುತ್ತಾ ಹೋದರೆ ಸಂಜೆಯಾಗುತ್ತದೆ.

ಎಚ್‌ಪಿ ಬಗ್ಗೆ ಒಂದು ಎಚ್ಚರಿಕೆ. ಬಾನೆಟ್ ಮೇಲೆ ಬರೆದಿರುವುದು ಇಂಜಿನ್ನಿನ ಶಕ್ತಿ. ರೋಟವೇಟರ್ ತಿರುಗಿಸುವುದು ಪಿಟಿಓಗೆ, ಅಂದರೆ ಗಾಡಿಯ ಹಿಂದೆ ತಿರುಗುವ ದಂಡಕ್ಕೆ, ಬರುವ ಶಕ್ತಿ. ಅದು ಯಾವಾಗಲೂ ಕಡಿಮೆ. ಬಾನೆಟ್ ಮೇಲೆ ಒಂದೇ ಎಚ್‌ಪಿ ಬರೆದುಕೊಂಡ ಎರಡು ಗಾಡಿಗಳ ಪಿಟಿಓ ಶಕ್ತಿ ಒಂದೇ ಇರಬೇಕೆಂದಿಲ್ಲ. ಅದಕ್ಕೇ "ಪಿಟಿಓ ಎಚ್‌ಪಿ ಎಷ್ಟು?" ಎಂದು ಬಾಯಿ ಬಿಟ್ಟು ಕೇಳಿ. ಉತ್ತರ ಬಾಯಿ ಮಾತಲ್ಲಿ ಬೇಡ. ಮಧ್ಯಪ್ರದೇಶದ ಬುಧ್ನಿಯಲ್ಲಿ ಕೇಂದ್ರ ಸರ್ಕಾರದ ಟ್ರಾಕ್ಟರ್ ಪರೀಕ್ಷಾ ಸಂಸ್ಥೆ ಇದೆ. 1955ರಿಂದ ನಡೆಯುತ್ತಿದೆ. ಅಲ್ಲಿ ಗಾಡಿಯನ್ನು ಗಂಟೆಗಟ್ಟಲೆ ದುಡಿಸಿ, ಪಿಟಿಓ ಶಕ್ತಿ ಎಷ್ಟು, ಗಂಟೆಗೆ ಡೀಸೆಲ್ ಎಷ್ಟು, ಹೈಡ್ರಾಲಿಕ್ ಎಷ್ಟು ಎತ್ತುತ್ತದೆ ಎಂದು ಬರೆದಿಡುತ್ತಾರೆ. ಆ ವರದಿ ಕೊಡಿ ಎಂದು ಡೀಲರನ್ನು ಕೇಳಿ. ಇಂಗ್ಲಿಷಿನಲ್ಲಿರುತ್ತದೆ. ಮನೆಯ ಮಕ್ಕಳ ಕೈಲಿ ಓದಿಸಿ. ಬೇಕಾದದ್ದು ಅಂಕಿಗಳಷ್ಟೇ.

ನಾಲ್ಕು ಚಕ್ರದ ಎಳೆತ ಬೇಕಾ? ಒದ್ದೆ ತೋಟಕ್ಕೆ, ಇಳಿಜಾರಿಗೆ ಬೇಕು ಅನ್ನುವುದು ನನ್ನ ಅನುಭವ. ಒಣ ಕೆಂಪು ಮಣ್ಣಿನಲ್ಲಿ ಮೆಕ್ಕೆಜೋಳದ ಎಡೆ ಹೊಡೆಯಲು ಮಾತ್ರ ಅಂದರೆ ಎರಡು ಚಕ್ರದ್ದೇ ಸಾಕು, ದುಡ್ಡು ಉಳಿಯುತ್ತದೆ. ಟಾರು ರಸ್ತೆಗೆ ಬಂದ ಕೂಡಲೇ ಮುಂದಿನ ಚಕ್ರದ ಎಳೆತ ತೆಗೆಯಿರಿ, ಇಲ್ಲದಿದ್ದರೆ ಟೈರು ಬೇಗ ಸವೆಯುತ್ತದೆ.

ಈಗ ಮೆಕ್ಯಾನಿಕ್. ನಾನು ಎರಡನೇ ಗಾಡಿ ತರುವ ಮುಂಚೆ ಮೂರು ಡೀಲರ್‌ಗಳ ಹತ್ತಿರ ಹೋದೆ. ಗಾಡಿ ಕೇಳಲಿಲ್ಲ. ನೇರ ಬಿಡಿಭಾಗದ ಕೌಂಟರಿಗೆ ಹೋಗಿ ಒಂದು ಕ್ಲಚ್ ಪ್ಲೇಟ್, ಒಂದು ಹೈಡ್ರಾಲಿಕ್ ಸೀಲ್ ಕಿಟ್, ಒಂದು ಫ್ಯಾನ್ ಬೆಲ್ಟ್, ಒಂದು ಡೀಸೆಲ್ ಫಿಲ್ಟರ್ ಇದೆಯಾ ಎಂದು ಕೇಳಿದೆ. ಒಬ್ಬರು "ಆರ್ಡರ್ ಹಾಕಬೇಕು" ಅಂದರು. ಇನ್ನೊಬ್ಬರ ಹತ್ತಿರ ಫಿಲ್ಟರ್ ಮಾತ್ರ ಇತ್ತು. ಮೂರನೆಯ ಕಡೆ ಹುಡುಗ ಒಳಗೆ ಹೋಗಿ ನಾಲ್ಕನ್ನೂ ತಂದು ಮೇಜಿನ ಮೇಲೆ ಇಟ್ಟ. ಪೊಟ್ಟಣದ ಮೇಲೆ ಧೂಳಿರಲಿಲ್ಲ. ಅಂದರೆ ಮಾಲು ಖರ್ಚಾಗುತ್ತಿದೆ, ಹೊಸದು ಬರುತ್ತಿದೆ. ನಾನು ಗಾಡಿ ತಂದದ್ದು ಅಲ್ಲಿಂದ. ಅದರ ಹೆಸರು ಹೇಳುವುದಿಲ್ಲ. ನನ್ನ ಊರಿಗೆ ಆ ಡೀಲರ್ 14 ಕಿಲೋಮೀಟರ್. ನಿಮ್ಮ ಊರಿಗೆ ಬೇರೆ ಯಾರೋ ಹತ್ತಿರ ಇರಬಹುದು.

ದುಡ್ಡಿನ ಲೆಕ್ಕಕ್ಕೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ತೆರಿಗೆ ಸೇರದ ಬೆಲೆ 5 ಲಕ್ಷ ಇದ್ದರೆ 35 ಸಾವಿರ ಉಳಿತಾಯ. ಹಳೆಯ ದರದ ಕೊಟೇಶನ್ ಇಟ್ಟುಕೊಂಡವರು ಹೊಸದು ಬರೆಸಿಕೊಳ್ಳಿ. ಸಬ್ಸಿಡಿಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಈ ವರ್ಷದ ಪಟ್ಟಿ ಕೇಳಿ. ಆದರೆ ಸಬ್ಸಿಡಿ ಇದೆ ಅನ್ನುವ ಒಂದೇ ಕಾರಣಕ್ಕೆ, ನಿಮ್ಮ ಸಾಲಿಗೆ ಹಿಡಿಸದ ಗಾಡಿ ತರಬೇಡಿ.

ನನ್ನ ಗಾಡಿ ವರ್ಷಕ್ಕೆ 140 ಗಂಟೆ ಓಡುತ್ತದೆ, ಅಕ್ಕಪಕ್ಕದವರ ಕೆಲಸವೂ ಸೇರಿ. 5 ಲಕ್ಷ 25 ಸಾವಿರದ ಗಾಡಿ ಹತ್ತು ವರ್ಷದ ಮೇಲೆ ಒಂದೂಕಾಲು ಲಕ್ಷಕ್ಕೆ ಹೋಯಿತು ಅಂದುಕೊಳ್ಳಿ. ವರ್ಷಕ್ಕೆ 40 ಸಾವಿರ ಸವೆತ. 140 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 285 ರೂಪಾಯಿ. ಬರೀ 60 ಗಂಟೆ ಓಡಿಸುವವರಿಗೆ ಅದೇ 665 ದಾಟುತ್ತದೆ. ಇದರ ಮೇಲೆ ಸಾಲದ ಬಡ್ಡಿ, ಡೀಸೆಲ್, ಇನ್ಶೂರೆನ್ಸ್. ಎರಡು ಎಕರೆ ಇರುವವರು ಸುಮ್ನೆ ಸಾಲ ಮಾಡುವುದಕ್ಕಿಂತ ಕೃಷಿ ಯಂತ್ರಧಾರೆಯಲ್ಲಿ ಬಾಡಿಗೆಗೆ ತಗೊಳ್ಳುವುದು, ಇಲ್ಲವೇ ಅಣ್ಣತಮ್ಮಂದಿರು ಮೂವರು ಸೇರಿ ಒಂದು ತರುವುದು ವಾಸಿ. ಕಂತು ಕಟ್ಟಲಾಗದೆ ಹೊಸ ಗಾಡಿಯನ್ನೇ ಮಾರಿದವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಆ ನೋವು ಇಲ್ಲಿ ಕೂತ ಯಾರಿಗೂ ಬೇಡ.

ಕೊಳ್ಳುವುದು ಖಚಿತವಾದ ಮೇಲೆ ಡೆಮೋವನ್ನು ಷೋರೂಮಿನ ಮುಂದೆ ಬೇಡ, ನಿಮ್ಮ ತೋಟದಲ್ಲೇ ಕೇಳಿ. ರೋಟವೇಟರ್ ಇಳಿಸಿ, ಗಟ್ಟಿ ಮಣ್ಣಿರುವ ಸಾಲಿನಲ್ಲೇ ಓಡಿಸಿ. ಇಂಜಿನ್ ಸದ್ದು ಕುಗ್ಗಿ ಕಪ್ಪು ಹೊಗೆ ಬಂತು ಅಂದರೆ ರೋಟವೇಟರ್ ಅದರ ಶಕ್ತಿಗೆ ಮೀರಿದೆ. ಆಮೇಲೆ ರೋಟವೇಟರ್ ಎತ್ತಿ, ಇಂಜಿನ್ ಆಫ್ ಮಾಡಿ, ಒಂದು ಟೀ ಕುಡಿದು ಬನ್ನಿ. ಎತ್ತಿದಲ್ಲೇ ನಿಂತಿದೆಯಾ, ಕೆಳಗೆ ಇಳಿದಿದೆಯಾ ನೋಡಿ. ಮನೆಯಲ್ಲಿ ಯಾರು ಯಾರು ಓಡಿಸುತ್ತಾರೋ ಅವರನ್ನೆಲ್ಲ ಕೂರಿಸಿ ನೋಡಿ. ನಮ್ಮ ಮನೆಯಲ್ಲಿ ಹೆಚ್ಚಾಗಿ ಓಡಿಸುವುದು ನನ್ನ ಮಗಳು. ಒಂದು ಗಾಡಿಯಲ್ಲಿ ಕ್ಲಚ್ ಪೂರ್ತಿ ತುಳಿಯಲು ಅವಳು ಸೀಟಿನ ತುದಿಗೆ ಜಾರಬೇಕಿತ್ತು. ಬೇರೆಲ್ಲ ಚೆನ್ನಾಗಿದ್ದರೂ ಅದನ್ನು ಬಿಟ್ಟೆವು.

ನನ್ನ ಗಾಡಿ ಹೊರಗೆ ಹುಣಸೆ ಮರದ ಕೆಳಗೆ ನಿಂತಿದೆ, ರೋಟವೇಟರ್ ಕಟ್ಟಿಯೇ ತಂದಿದ್ದೇನೆ. ಟೇಪೂ ಇದೆ. ಪಕ್ಕದ ತೋಟದವರು ಎರಡು ಸಾಲು ಓಡಿಸಲು ಒಪ್ಪಿದ್ದಾರೆ. ಬನ್ನಿ, ಮೊದಲು ಅಳೆಯೋಣ, ಆಮೇಲೆ ಒಬ್ಬೊಬ್ಬರಾಗಿ ಕೂತು ಓಡಿಸಿ. ಪ್ರಶ್ನೆಗಳನ್ನು ಅಲ್ಲೇ ಕೇಳಿ.